ಹಿಮದ ನಾಡಿನ ಕಿಟ್, ತುಮಕೂರಿನ ಬಿಸಿಲು: ಮೀನು ಹಿಡಿದು ಬಿಡುವ ಸಾಮಾನಿನ ವಿಮರ್ಶೆ

ಗಾಳಕ್ಕೆ ಬಿದ್ದ ಮೀನನ್ನು ಜೀವಂತವಾಗಿ ನೀರಿಗೆ ವಾಪಸ್ ಬಿಡುವವರಿಗೆಂದು ಆನ್‌ಲೈನ್‌ನಲ್ಲಿ ಒಂದು ಕಿಟ್ ಮಾರಾಟಕ್ಕಿದೆ. ಒಂದೇ ಚೀಲದಲ್ಲಿ ಎಂಟು ಸಾಮಾನು: ರಬ್ಬರ್ ಕೈಬಲೆ, ಉದ್ದ ಮೂತಿಯ ಇಕ್ಕಳ, ತುಟಿ ಹಿಡಿಯುವ ಗ್ರಿಪ್, ಬಾಯಿ ಅಗಲಿಸುವ ಸ್ಪ್ರಿಂಗ್ ಕಡ್ಡಿ, ಮಡಚುವ ಚಾಪೆ, ಡಿಜಿಟಲ್ ತಕ್ಕಡಿ, ಒಂದು ಜೊತೆ ದಪ್ಪ ಕೈಗವಸು, ಮೀನಿನ ಹೊಟ್ಟೆಯೊಳಗೆ ಅದನ್ನು ತೇಲಿಸುವ ಗಾಳಿಚೀಲ ಚುಚ್ಚುವ ಟೊಳ್ಳು ಸೂಜಿ. ಒಳಗಿರುವ ಚೀಟಿ ಓದಿದರೆ ಗೊತ್ತಾಗುತ್ತದೆ, ಇದನ್ನು ಯೋಚಿಸಿದವರು ಕುಣಿಗಲ್ ದೊಡ್ಡಕೆರೆಯನ್ನಾಗಲೀ ಮಾರ್ಕೋನಹಳ್ಳಿಯನ್ನಾಗಲೀ ಕಂಡವರಲ್ಲ. ಕೆರೆ ಹೆಪ್ಪುಗಟ್ಟಿದ ಮೇಲೆ ಮಂಜುಗಡ್ಡೆಗೆ ತೂತು ಕೊರೆದು ಗಾಳ ಇಳಿಬಿಡುವವರಿಗಾಗಿ ಮಾಡಿದ್ದು. ಹಾಗಂತ ಪೂರ್ತಿ ದಂಡವಲ್ಲ. ಎಂಟರಲ್ಲಿ ಒಂದು ಚಿನ್ನ, ಮೂರು ಪರವಾಗಿಲ್ಲ, ಉಳಿದವು ಅಟ್ಟಕ್ಕೆ.

ಆ ನಾಡಿನ ಕಷ್ಟ ಏನೆಂದು ಮೊದಲು ತಿಳಿದರೆ ಯಾವ ಸಾಮಾನು ಯಾಕಿದೆ ಅನ್ನುವುದು ಬಿಡಿಸಿಕೊಳ್ಳುತ್ತದೆ. ಮಂಜುಗಡ್ಡೆಯ ಕೆಳಗಿನ ನೀರು 0ಯಿಂದ 4 ಡಿಗ್ರಿ ಇರುತ್ತದೆ. 4 ಡಿಗ್ರಿಯ ನೀರೇ ಎಲ್ಲಕ್ಕಿಂತ ಭಾರ, ಅದು ತಳ ಸೇರುತ್ತದೆ. ಮೇಲೆ ಗಾಳಿ ಮೈನಸ್ 20 ಇರಬಹುದು. ಅಂದರೆ ಅಲ್ಲಿ ಮೀನಿಗೆ ನೀರೇ ಬೆಚ್ಚಗಿನ ಮನೆ. ಹೊರಗೆಳೆದರೆ ಕಿವಿರಿನ ಎಳೆಗಳು ಕೆಲವೇ ಸೆಕೆಂಡಿನಲ್ಲಿ ಹೆಪ್ಪುಗಟ್ಟತೊಡಗುತ್ತವೆ, ಏಕೆಂದರೆ ಅವು ತೀರಾ ತೆಳು, ಸದಾ ಒದ್ದೆ. ಕಣ್ಣಿನ ಪೊರೆಗೂ ಅದೇ ಗತಿ. ಬಿಟ್ಟಾಗ ಮೀನು ಈಜಿಕೊಂಡೇ ಹೋಗುತ್ತದೆ, ಆದರೆ ಸತ್ತ ಕಿವಿರಿನಿಂದ ಎಷ್ಟು ದಿನ ಉಸಿರಾಡೀತು? ಒದ್ದೆ ಮೀನನ್ನು ಮಂಜಿನ ಮೇಲೆ ಮಲಗಿಸಿದರೆ ಚರ್ಮ ಅಂಟಿಕೊಂಡು ಲೋಳೆ ಕಿತ್ತು ಬರುತ್ತದೆ. ಆದ್ದರಿಂದ ಅಲ್ಲಿನ ಪದ್ಧತಿ ಎರಡೇ: ತೂತಿನ ನೀರೊಳಗೇ ಗಾಳ ಬಿಡಿಸಬೇಕು, ಇಲ್ಲವೇ ಒಳಗೆ ಒಲೆ ಉರಿಯುವ ಗುಡಾರದಲ್ಲಿ.

ನಮ್ಮಲ್ಲಿ ಲೆಕ್ಕ ತಲೆಕೆಳಗು. ಸಮುದ್ರಮಟ್ಟದ ಲೆಕ್ಕದಲ್ಲಿ 0 ಡಿಗ್ರಿ ನೀರು ಲೀಟರಿಗೆ ಸುಮಾರು 14.6 ಮಿಲಿಗ್ರಾಂ ಆಮ್ಲಜನಕ ಹಿಡಿಯಬಲ್ಲದು; 30 ಡಿಗ್ರಿ ನೀರು ಹಿಡಿಯುವುದು ಸುಮಾರು 7.5. ತುಮಕೂರು 800 ಮೀಟರಿಗಿಂತ ಎತ್ತರದಲ್ಲಿರುವುದರಿಂದ ಅದರಲ್ಲೂ ಹತ್ತಿರ ಹತ್ತು ಪರ್ಸೆಂಟ್ ಖೋತಾ. ಇತ್ತ ನೀರು ಬಿಸಿಯಾದಷ್ಟೂ ಮೀನಿಗೆ ಬೇಕಾದ ಉಸಿರು ಹೆಚ್ಚು. ಏಪ್ರಿಲ್ ಮಧ್ಯಾಹ್ನ ದಡದ ಮೊಣಕಾಲುದ್ದ ನೀರಿನಲ್ಲಿ ಹತ್ತು ನಿಮಿಷ ಗುದ್ದಾಡಿ ಸುಸ್ತಾದ ಕಾಟ್ಲಾ ಅಂದರೆ, ಮೂರು ಮಹಡಿ ಹತ್ತಿದವನ ಮೂಗು ಹಿಡಿದಂತೆ.

ಹೀಗೆ ಕಾರಣ ಬೇರೆಯಾದರೂ ಚೀಟಿಯ ಮೊದಲ ಸಾಲು ಎರಡೂ ಕಡೆಗೆ ಸರಿ: ಮೀನನ್ನು ಗಾಳಿಗೆ ಒಡ್ಡಬೇಡಿ. ಕೆನಡಾದಲ್ಲಿ 1992ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಚೆನ್ನಾಗಿ ದಣಿಸಿದ ರೇನ್‌ಬೋ ಟ್ರೌಟ್‌ಗಳನ್ನು ಗಾಳಿಗೆ ಒಡ್ಡದೆ ನೀರಿನಲ್ಲೇ ಇಟ್ಟಾಗ 100ಕ್ಕೆ 12 ಸತ್ತವು, 30 ಸೆಕೆಂಡು ಹೊರಗಿಟ್ಟಾಗ 38, ಒಂದು ನಿಮಿಷ ಹೊರಗಿಟ್ಟಾಗ 72. ಟ್ರೌಟ್ ನಾಜೂಕಿನ ಮೀನು, ಕಾಟ್ಲಾ, ರೋಹುವಿನಂಥ ನಮ್ಮ ಗೆಂಡೆ ಜಾತಿಗಳು ಗಟ್ಟಿ ಜೀವ. ಅದೇ ಅಂಕಿ ಇಲ್ಲಿಗೆ ಹೊಂದುವುದಿಲ್ಲ. ಆದರೆ ನೀರಿನಿಂದ ಹೊರಬಂದ ಕೂಡಲೇ ಕಿವಿರಿನ ಎಳೆಗಳು ಒದ್ದೆ ಕೂದಲಿನಂತೆ ಒಂದಕ್ಕೊಂದು ಅಂಟಿಕೊಳ್ಳುವುದು ಬಹುಪಾಲು ಮೀನಿಗೆ ಒಂದೇ. ಫೋಟೋ ಬೇಕೇ ಬೇಕಾದರೆ ಮೊದಲು ಮೊಬೈಲ್ ತಯಾರಾಗಲಿ, ಆಮೇಲೆ ಮೀನು ಮೇಲೆ ಬರಲಿ. ನೀವು ಉಸಿರು ಬಿಗಿಹಿಡಿದುಕೊಂಡೇ ಎತ್ತಿ. ನಿಮಗೆ ಕಷ್ಟವಾಗುವ ಹೊತ್ತಿಗೆ ಅದಕ್ಕೂ ಆಗಿರುತ್ತದೆ.

ಈಗ ಸಾಮಾನಿಗೆ ಬರೋಣ. ಕೈಬಲೆಯ ಸಲುವಾಗಿಯೇ ಈ ಕಿಟ್ ಕೊಂಡರೂ ತಪ್ಪಿಲ್ಲ. ನಮ್ಮ ಅಂಗಡಿಗಳಲ್ಲಿ ಸಾಮಾನ್ಯವಾಗಿ ಸಿಗುವುದು ಗಂಟು ಹಾಕಿದ ನೈಲಾನ್ ಬಲೆ. ಅದರ ಗಂಟುಗಳು ಉಪ್ಪುಕಾಗದದ ಹಾಗೆ ಲೋಳೆ ಉಜ್ಜಿ ತೆಗೆಯುತ್ತವೆ, ಕಣ್ಣಿಗಳು ಬಾಲದ ರೆಕ್ಕೆಯನ್ನು ಸೀಳುತ್ತವೆ. ಲೋಳೆ ಹೋದ ಜಾಗದಲ್ಲಿ ನಾಲ್ಕಾರು ದಿನಕ್ಕೆ ಹತ್ತಿಯಂತೆ ಬಿಳಿ ಬೂಷ್ಟು ಹಿಡಿಯುತ್ತದೆ, ಆ ಮೀನು ಉಳಿಯುವುದು ಕಷ್ಟ. ಸಾಮಾನ್ಯ ಗೆಂಡೆಯ ಬೆನ್ನುರೆಕ್ಕೆಯ ಮೊದಲ ಮುಳ್ಳಿಗೆ ಗರಗಸದಂಥ ಹಲ್ಲುಗಳಿವೆ. ನೈಲಾನ್ ಬಲೆಗೆ ಸಿಕ್ಕಿದರೆ ಬಿಡಿಸಲು ಐದು ನಿಮಿಷ, ಅಷ್ಟು ಹೊತ್ತೂ ಮೀನು ನೀರಾಚೆ. ರಬ್ಬರ್ ಕಣ್ಣಿಗೆ ಆ ಮುಳ್ಳೂ ಸಿಕ್ಕುವುದಿಲ್ಲ, ಗಾಳವೂ ಸಿಕ್ಕುವುದಿಲ್ಲ. ದೂರು ಎರಡು. ಹಿಡಿ ತುಂಬಾ ಗಿಡ್ಡ: ಕಲ್ಲು ಕಟ್ಟಿದ ಏರಿಯ ಮೇಲೆ ನಿಂತು ನೀರು ಮುಟ್ಟಿಸಲು ಆಗುವುದಿಲ್ಲ, ನಾಲ್ಕೈದು ಅಡಿಯ ಅಲ್ಯೂಮಿನಿಯಂ ಪೈಪ್ ಸೇರಿಸಿ ಬೋಲ್ಟ್ ಹಾಕಿಸಿಕೊಳ್ಳಬೇಕು. ಎರಡನೆಯದು ಆಳ ಸಾಲದು: ಮೂರು ಕೇಜಿ ದಾಟಿದ ಕಾಟ್ಲಾ ಬಾಗಿ ಕೂರುತ್ತದೆ, ಬೆಳ್ಳಿಗೆಂಡೆಯಂತೂ ಒಂದೇ ನೆಗೆತಕ್ಕೆ ಹೊರಗೆ.

ಬಲೆಯನ್ನು ಬಳಸುವ ಕ್ರಮ ಹೀಗೆ. ಮೀನಿನ ಹಿಂದೆ ಬಲೆ ಓಡಿಸಬಾರದು. ಬಲೆಯನ್ನು ಮೊದಲೇ ನೀರಲ್ಲಿ ಮುಳುಗಿಸಿ ಹಿಡಿದು, ಮೀನಿನ ತಲೆಯನ್ನು ಅದರೊಳಕ್ಕೆ ನಡೆಸಬೇಕು. ಒಳಗೆ ಬಂದ ಮೇಲೆ ದಾರ ಸಡಿಲ ಬಿಡಿ, ಬಲೆಯ ಬಾಯಿ ಮಾತ್ರ ನೀರಿನ ಮೇಲಿರಲಿ. ಅಲ್ಲೇ, ನೀರಲ್ಲೇ, ಒದ್ದೆ ಕೈಯಿಂದ ಬೆನ್ನು ಹಿಡಿದು ಇಕ್ಕಳದಿಂದ ಗಾಳದ ಬಾಗನ್ನು ಕಚ್ಚಿ, ಹೋದ ದಾರಿಯಲ್ಲೇ ಹಿಂದಕ್ಕೆ ತಿರುಗಿಸಿದರೆ ಸಾಕು. ಇದು ಹತ್ತು ಸೆಕೆಂಡಿನ ಕೆಲಸ ಆಗಬೇಕಾದರೆ ಒಂದು ಷರತ್ತು: ಗಾಳದ ಹಿಮ್ಮುಳ್ಳನ್ನು, ಅಂದರೆ ತುದಿಯ ಹತ್ತಿರ ಹಿಂದಕ್ಕೆ ಚಾಚಿದ ಸಣ್ಣ ಮೊನೆಯನ್ನು, ಮನೆಯಲ್ಲೇ ಇಕ್ಕಳದಿಂದ ಒತ್ತಿ ಮಟ್ಟ ಮಾಡಿರಬೇಕು. ಹತ್ತಿಬಟ್ಟೆಗೆ ಚುಚ್ಚಿ ಎಳೆದು ನೋಡಿ. ನೂಲು ಹಿಡಿದರೆ ಇನ್ನೂ ಒತ್ತಿ. ಹಿಮ್ಮುಳ್ಳಿಲ್ಲದಿದ್ದರೆ ಮೀನು ತಪ್ಪಿಸಿಕೊಳ್ಳುತ್ತದೆ ಅನ್ನುವುದು ದಾರ ಸಡಿಲ ಬಿಡುವವರ ಮಾತು.

ಗಾಳ ನುಂಗಿಬಿಟ್ಟಿದ್ದರೆ? ಎರೆಹುಳು ಕಟ್ಟಿ ಬೆಂಡು ಮುಳುಗಿದ ಮೇಲೂ ಸುಮ್ಮನೆ ಕೂತವರಿಗೆ ಇದು ಆಗುವುದು ಹೆಚ್ಚು. ರಾಗಿಹಿಟ್ಟಿನ ಉಂಡೆಗೆ ಕಡಿಮೆ. ಗಂಟಲಾಳದ ಗಾಳವನ್ನು ಕೆದಕಿ ತೆಗೆದರೆ ಕಿವಿರು ಹರಿದು ರಕ್ತ ಸೋರುತ್ತದೆ, ಅಲ್ಲಿಗೆ ಮುಗಿಯಿತು. ದಾರವನ್ನು ಆದಷ್ಟು ಒಳಗೆ ಕತ್ತರಿಸಿ ಬಿಡುವುದೇ ಮೇಲು. ಸಾದಾ ಉಕ್ಕಿನ ಗಾಳ ಕ್ರಮೇಣ ತುಕ್ಕು ಹಿಡಿದು ಸವೆಯುತ್ತದೆ, ಸ್ಟೇನ್‌ಲೆಸ್ ಸ್ಟೀಲಿನದು ಹಾಗೇ ಕೂರುತ್ತದೆ. ಬಿಡುವ ಉದ್ದೇಶ ಇರುವವರು ಅಗ್ಗದ ಗಾಳವನ್ನೇ ಕೊಳ್ಳಲಿ ಎಂದು ಹೇಳುವ ಅಪರೂಪದ ಸಂದರ್ಭ ಇದು.

ಕಿಟ್‌ನ ಇಕ್ಕಳ ಮಾತ್ರ ತೀರಾ ಸಾಧಾರಣ. ಮೂತಿ ದಪ್ಪ, ಸಣ್ಣ ರೋಹುವಿನ ಬಾಯಿಗೆ ಹೋಗುವುದಿಲ್ಲ. ಕೀಲಿಗೆ ನೀರು ಕುಡಿಸಿದ ವಾರದೊಳಗೆ ತುಕ್ಕು. ಜಿಲ್ಲಾಸ್ಪತ್ರೆ ಸುತ್ತಮುತ್ತಲಿನ ಸರ್ಜಿಕಲ್ ಅಂಗಡಿಯಲ್ಲಿ ಎಂಟಿಂಚಿನ ಆರ್ಟರಿ ಫೋರ್ಸೆಪ್ಸ್ ಕೇಳಿ. ಕಚ್ಚಿದ ಮೇಲೆ ಲಾಕ್ ಆಗುತ್ತದೆ, ಒದ್ದೆ ಕೈ ಜಾರಿದರೂ ಹಿಡಿತ ಬಿಡುವುದಿಲ್ಲ.

ತುಟಿ ಗ್ರಿಪ್ ಮತ್ತು ಬಾಯಿ ಅಗಲಿಸುವ ಕಡ್ಡಿ ಎರಡೂ ಆ ನಾಡಿನ ಪೈಕ್ ಮೀನಿಗೆ ಮಾಡಿದ್ದು, ಅದರ ಬಾಯಿ ತುಂಬಾ ಹಲ್ಲು. ನಮ್ಮ ಕಾಟ್ಲಾ, ರೋಹು, ಮೃಗಾಲ್, ಗೆಂಡೆಗಳಿಗೆ ದವಡೆಯಲ್ಲಿ ಹಲ್ಲೇ ಇಲ್ಲ, ಇರುವುದು ಗಂಟಲಲ್ಲಿ. ಅವುಗಳ ಮೆತ್ತನೆ ತುಟಿಗೆ ಗ್ರಿಪ್ ಹಾಕುವುದು ಅನ್ಯಾಯ. ಹಲ್ಲುಳ್ಳ ಕೊರಮೀನು, ಬಾಳೆಮೀನಿಗೆ ಉಪಯೋಗ ಉಂಟು. ಆದರೆ ಕಡ್ಡಿಯ ಸ್ಪ್ರಿಂಗ್ ಬಿರುಸು ವಿಪರೀತ, ಒಂದು ಕೇಜಿಯೊಳಗಿನ ಕೊರಮೀನಿನ ದವಡೆ ಹರಿಯುವಷ್ಟು. ಎರಡೂ ತುದಿಗೆ ಸೈಕಲ್ ವಾಲ್ ಟ್ಯೂಬ್ ತೊಡಿಸಿ, ಸ್ಪ್ರಿಂಗನ್ನು ಕೈಯಲ್ಲೇ ತಡೆದು ಮೆಲ್ಲಗೆ ಬಿಡಬೇಕು. ಗ್ರಿಪ್‌ನಲ್ಲಿ ಹಿಡಿದು ನೇತುಹಾಕುವುದಂತೂ ಬೇಡ. ನೀರಲ್ಲಿ ತೂಕವೇ ಇಲ್ಲದಂತೆ ಬದುಕಿದ ಮೈ ಒಂದು ದವಡೆಯ ಮೇಲೆ ಜೋತುಬೀಳುತ್ತದೆ. ಇನ್ನೊಂದು ಕೈ ಹೊಟ್ಟೆಯಡಿ ಇರಲೇಬೇಕು, ಮೀನು ಅಡ್ಡಕ್ಕೇ ಇರಬೇಕು.

ತಕ್ಕಡಿಗೂ ಇದೇ ಮಾತು. ಕಿಟ್‌ನ ಚಿತ್ರದಲ್ಲಿ ಮೀನನ್ನು ದವಡೆಗೆ ಕೊಂಡಿ ಹಾಕಿ ತೂಗಿದ್ದಾರೆ, ಅದನ್ನು ನೋಡಿ ಕಲಿಯಬೇಡಿ. ಬಲೆಯ ಸಮೇತ ತೂಗಿ, ಒದ್ದೆ ಬಲೆಯ ತೂಕ ಕಳೆಯಿರಿ. ತಕ್ಕಡಿಯ ಸಾಚಾತನ ನೋಡಲು ಎರಡು ಲೀಟರ್ ನೀರಿನ ಬಾಟಲಿ ಸಾಕು: ಒಳಗಿನ ನೀರು ಎರಡು ಕೇಜಿ, ಮೇಲೆ ಬಾಟಲಿಯ ಒಂದಿಷ್ಟು ಗ್ರಾಂ.

ಚಾಪೆ ಮಂಜಿನ ಮೇಲೆ ವರ. ಇಲ್ಲಿ ಅದರ ಬಣ್ಣ ಕಪ್ಪು ಅನ್ನುವುದೇ ದೋಷ. ಮಾರ್ಚಿನ ಬಿಸಿಲಲ್ಲಿ ಹತ್ತು ನಿಮಿಷ ಬಿಟ್ಟು ಅಂಗೈ ಇಟ್ಟು ನೋಡಿ, ರೊಟ್ಟಿಹಂಚು. ನೆರಳಲ್ಲಿಟ್ಟು, ಮೀನು ಬರುವ ಮೊದಲು ಒಂದು ಬಕೆಟ್ ಕೆರೆನೀರು ಸುರಿದರೆ ಮಾತ್ರ ಬಳಸಬಹುದು. ಒಣ ಮಣ್ಣು, ಕಲ್ಲಿನ ಏರಿಗಿಂತ ಖಂಡಿತ ವಾಸಿ. ಇನ್ನು ಕೈಗವಸು ಉಣ್ಣೆಯ ಒಳಪದರದ್ದು. ಊಟಿಗೆ ಹೋಗುವಾಗ ನೆನಪಿಟ್ಟುಕೊಂಡು ತೆಗೆದುಕೊಂಡು ಹೋಗಿ. ಕೆರೆಯಲ್ಲಿ ಒದ್ದೆ ಬರಿಗೈಗೆ ಸಮ ಯಾವುದೂ ಇಲ್ಲ.

ಸೂಜಿಯ ವಿಷಯ ಸ್ವಲ್ಪ ಗಂಭೀರ. ಹತ್ತು ಮೀಟರ್ ಆಳದಲ್ಲಿ ಒತ್ತಡ ಮೇಲಿನ ಎರಡರಷ್ಟು. ಅಲ್ಲಿಂದ ಬೇಗ ಮೇಲೆಳೆದರೆ ಗಾಳಿಚೀಲ ಎರಡು ಪಟ್ಟು ಉಬ್ಬಲು ನೋಡುತ್ತದೆ. ಹಿಮದ ಕೆರೆಗಳ ಪರ್ಚ್, ವಾಲೈ ಮೀನುಗಳಿಗೆ ಆ ಗಾಳಿ ಬೇಗ ಹೊರಬಿಡುವ ದಾರಿ ಇಲ್ಲ, ಹೊಟ್ಟೆ ಬಾಯಿಗೆ ಬರುತ್ತದೆ, ಅದಕ್ಕೆ ಸೂಜಿ. ಗೆಂಡೆ ಜಾತಿಗೆ ಗಾಳಿಚೀಲದಿಂದ ಅನ್ನನಾಳಕ್ಕೆ ಕೊಳವೆ ಇದೆ, ಗುಳ್ಳೆ ಬಿಟ್ಟು ಹಗುರಾಗುತ್ತವೆ. ಜೊತೆಗೆ ನಮ್ಮ ಬಹುಪಾಲು ಕೆರೆಗಳಲ್ಲಿ ಅಷ್ಟು ಆಳವೂ ಇಲ್ಲ. ಸೂಜಿಯನ್ನು ಮುಟ್ಟಬೇಡಿ, ಗುರಿ ತಪ್ಪಿದರೆ ಚುಚ್ಚುವುದು ಪಿತ್ತಕೋಶಕ್ಕೋ ಕರುಳಿಗೋ.

ಚೀಟಿಯಲ್ಲಿ ಇಲ್ಲದ್ದು, ಇಲ್ಲಿ ಬೇಕಾದ್ದು: ಸುಸ್ತಾದ ಮೀನನ್ನು ಹೇಗೆ ಬಿಡಬೇಕು. ಗೆಂಡೆಗಳನ್ನು ಬಲೆಯೊಳಗೇ, ಸೊಂಟದುದ್ದ ನೀರಿನ ನೆರಳಲ್ಲಿ, ಹೊಟ್ಟೆ ಕೆಳಗಾಗಿ ನೆಟ್ಟಗೆ ನಿಲ್ಲಿಸಿ. ಹಿಂದೆ ಮುಂದೆ ಆಡಿಸುವ ರೂಢಿ ಬಿಡಿ. ಹಿಂದಕ್ಕೆ ಎಳೆದಾಗ ಕಿವಿರಿಗೆ ನೀರು ತಿರುಗುಮುರುಗಾಗಿ ನುಗ್ಗುತ್ತದೆ. ಬಾಲ ತಾನಾಗಿ ಬಡಿದಾಗ ಬಲೆ ಇಳಿಸಿದರಾಯಿತು. ಕೊರಮೀನಿಗೆ ಈ ಉಪಚಾರ ವಿಷ. ಅದು ನೀರಿನ ಮೇಲೆ ಬಾಯಿ ಹಾಕಿ ಗಾಳಿ ನುಂಗಿಯೇ ಬದುಕುವ ಮೀನು, ಮುಳುಗಿಸಿ ಹಿಡಿದರೆ ಉಸಿರುಕಟ್ಟುತ್ತದೆ. ಗಾಳ ತೆಗೆದ ಕೂಡಲೇ ಹುಲ್ಲಿನ ಅಂಚಿಗೆ ಬಿಡಿ, ಅಷ್ಟೇ.

ಹೊತ್ತಿನ ಬಗ್ಗೆ: ಹಸಿರು ಪಾಚಿಯ ಕೆರೆಯಲ್ಲಿ ರಾತ್ರಿಯಿಡೀ ಪಾಚಿಯೂ ಉಸಿರಾಡಿ, ಬೆಳಕು ಹರಿಯುವ ಹೊತ್ತಿಗೆ ಆಮ್ಲಜನಕ ತಳ ಮುಟ್ಟಿರುತ್ತದೆ. ಮಧ್ಯಾಹ್ನ ನೀರು ಕಾದಿರುತ್ತದೆ. ಬೇಸಿಗೆಯಲ್ಲಿ ಬೆಳಿಗ್ಗೆ ಎಂಟರಿಂದ ಹತ್ತೂವರೆ ಉತ್ತಮ. ಮೀನುಗಳು ಮೇಲೆ ಬಂದು ಬಾಯಿ ತೆರೆದು ಮುಚ್ಚುತ್ತಿದ್ದರೆ ಆ ದಿನ ಗಾಳ ಮಡಚಿ ಮನೆಗೆ ಹೋಗಿ. ಎಲ್ಲ ಮೀನನ್ನೂ ಬಿಡುವುದು ಧರ್ಮವೂ ಅಲ್ಲ: ಆಫ್ರಿಕನ್ ಕ್ಯಾಟ್‌ಫಿಶ್ ಸಾಕಣೆಯೇ ದೇಶದಲ್ಲಿ ನಿಷೇಧ, ಸಿಕ್ಕರೆ ವಾಪಸ್ ಬಿಡಬೇಡಿ. ಮೀನು ಪಾಶುವಾರು, ಅಂದರೆ ಕೆರೆಯ ಮೀನಿನ ಗುತ್ತಿಗೆ, ಹಿಡಿದವರ ಒಪ್ಪಿಗೆಯನ್ನಂತೂ ಮೊದಲೇ ಕೇಳಿರಬೇಕು. ಅವರು ಬಿಟ್ಟ ಮರಿ ಅದು.

ಚೇಳುಮೀನು ಬಂದರೆ ಬರಿಗೈಯ ಮಾತು ಮರೆತುಬಿಡಿ. ಅದರ ಪಕ್ಕದ ರೆಕ್ಕೆಗಳ ಮುಳ್ಳಲ್ಲಿ ನಂಜಿದೆ. ಬಲೆಯ ಹೊರಗಿನಿಂದ ಫೋರ್ಸೆಪ್ಸ್ ತೂರಿಸಿ ಗಾಳ ತಿರುಗಿಸಿ. ಚುಚ್ಚಿದರೆ, ಸುಡದ ಆದರೆ ತಡೆಯುವಷ್ಟು ಬಿಸಿಯ, ಸುಮಾರು 45 ಡಿಗ್ರಿ ನೀರಿನಲ್ಲಿ ಅರ್ಧ ಗಂಟೆಗೆ ಕಡಿಮೆಯಿಲ್ಲದಂತೆ ಕೈ ಅದ್ದಿಡುವುದು ನೋವಿಗೆ ಮದ್ದು. ಮುಳ್ಳು ಒಳಗೆ ಮುರಿದಿದ್ದರೆ ಅಥವಾ ಊತ ಏರಿದರೆ ಡಾಕ್ಟರ್. ಟೀ ಫ್ಲಾಸ್ಕಿನ ಪಕ್ಕ ಬಿಸಿನೀರಿನ ಫ್ಲಾಸ್ಕ್ ಒಂದಿರಲಿ.

ಕೊಳ್ಳುವುದಾದರೆ: ರಬ್ಬರ್ ಬಲೆ ಬಿಡಿಯಾಗಿ ಸಿಗುತ್ತದೆ, ಅದೊಂದನ್ನು ತರಿಸಿ, ಫೋರ್ಸೆಪ್ಸ್ ಸರ್ಜಿಕಲ್ ಅಂಗಡಿಯಿಂದ ತನ್ನಿ. ಬಲೆಯನ್ನು ಬಿಸಿಲಲ್ಲಿ ನಿಂತ ಕಾರಿನ ಡಿಕ್ಕಿಯಲ್ಲಿ ಬಿಡಬೇಡಿ, ರಬ್ಬರ್ ಕರಗಿದಂತಾಗಿ ಕಣ್ಣಿಗಳು ಒಂದಕ್ಕೊಂದು ಅಂಟುತ್ತವೆ. ಒಂದು ಕೆರೆಯಿಂದ ಇನ್ನೊಂದಕ್ಕೆ ಒಯ್ಯುವ ಮುನ್ನ ತೊಳೆದು ನೆರಳಲ್ಲಿ ಪೂರ್ತಿ ಒಣಗಿಸಿ. ಮಳೆಗಾಲ ಕಳೆದು ಚಳಿ ಬೀಳುವ ತಿಂಗಳುಗಳಲ್ಲಿ ಕೊರಮೀನಿಗೆ ಕೆಂಪು ಹುಣ್ಣಿನ ರೋಗ ಹರಡುವುದುಂಟು, ಅದರ ಬೀಜ ಒದ್ದೆ ಬಲೆಯ ಜೊತೆಗೂ ಪ್ರಯಾಣ ಮಾಡಬಲ್ಲದು.