ಮಾರಿಸ್ ಮೈನರ್ ಚಾರ್ಜಿಂಗ್: ಹಳೆ ಡೈನಮೋನೋ, ಮಾರುತಿ ಆಲ್ಟರ್ನೇಟರೋ?

ಮುಂಬೈಯಲ್ಲಿ ಹಳೆ ಬ್ರಿಟಿಷ್ ಕಾರಾದ ಮಾರಿಸ್ ಮೈನರನ್ನು ಕತ್ತಲಲ್ಲಿ, ಮಳೆಯಲ್ಲಿ ಓಡಿಸುವವರು, ಬ್ಯಾಟರಿ ತುಂಬುವ ಮೂಲ ಡೈನಮೋ ತೆಗೆಸಿ ಮಾರುತಿ 800ರ ಆಲ್ಟರ್ನೇಟರ್ ಹಾಕಿಸಿಕೊಳ್ಳುವುದೇ ಸರಿ. ಭಾನುವಾರ ಬೆಳಿಗ್ಗೆ ಮರೀನ್ ಡ್ರೈವ್‌ಗೆ ಹೋಗಿ ಬರುವ ಗಾಡಿಯಾದರೆ ಉಳಿದೆರಡರ ಮಾತು: ಹಳೆ ಡೈನಮೋವನ್ನೇ ಇಟ್ಟುಕೊಳ್ಳುವುದು, ಇಲ್ಲವೇ ಡೈನಮೋದಂತೆ ಕಾಣುವ ಆಲ್ಟರ್ನೇಟರ್ ತರಿಸುವುದು.

ಲೂಕಾಸ್ ಸಿ40 ಡೈನಮೋ ಕೆಟ್ಟದ್ದಲ್ಲ. ಆದರೆ ಅದರ 22 ಆಂಪ್ ಸಿಗುವುದು ಇಂಜಿನ್ ಚೆನ್ನಾಗಿ ತಿರುಗುವಾಗ ಮಾತ್ರ. ಐಡ್ಲಿಂಗ್‌ನಲ್ಲಿ ಚಾರ್ಜಿಂಗ್ ಸೊನ್ನೆ. ಮಾಟುಂಗಾದ ಮೈಸೂರು ಅಸೋಸಿಯೇಷನ್ನಿನಲ್ಲಿ ನಾಟಕ ನೋಡಿ ಜುಲೈ ಮಳೆಯಲ್ಲಿ ಡೊಂಬಿವಲಿಗೆ ಹೊರಟರೆ ಹೆಡ್‌ಲೈಟಿಗೆ 8 ಆಂಪ್, ಇಗ್ನಿಷನ್ನಿಗೆ 3, ವೈಪರಿಗೆ 3, ಸಣ್ಣ ದೀಪಗಳಿಗೆ 2 ಬೇಕು. ಒಟ್ಟು 16. ಸಯನ್ನಿನಲ್ಲಿ ಅರ್ಧ ಗಂಟೆ ಸಿಕ್ಕಿಕೊಂಡರೆ ಬ್ಯಾಟರಿಯಿಂದ 8 ಆಂಪ್-ಅವರ್ ಹೋಯಿತು. ಮುಂದೆ ರಸ್ತೆ ಖಾಲಿ ಸಿಕ್ಕರೂ ಮಿಗುವುದು 6 ಆಂಪ್. ಹೋದದ್ದು ತುಂಬಲು ಒಂದು ಗಂಟೆ ಇಪ್ಪತ್ತು ನಿಮಿಷಕ್ಕಿಂತ ಹೆಚ್ಚೇ ಬೇಕು, ಅಷ್ಟರಲ್ಲಿ ಮನೆ ಬಂದಿರುತ್ತದೆ. ಹೊಸ ಬ್ರಶ್ ಹಾಕಿ, ಆ ಬ್ರಶ್ ಉಜ್ಜುವ ಕಮ್ಯುಟೇಟರನ್ನು ಲೇತ್‌ನಲ್ಲಿ ತೆಳುವಾಗಿ ಕಡೆಸಿ, ಅದರ ತಾಮ್ರದ ಪಟ್ಟಿಗಳ ನಡುವಿನ ಮೈಕಾ 0.8 ಮಿ.ಮೀ. ಕೆರೆದು, ಹಿಂದಿನ ಬುಷ್‌ಗೆ ಎರಡು ಹನಿ ಎಣ್ಣೆ ಬಿಟ್ಟರೂ ಈ ಲೆಕ್ಕ ಬದಲಾಗದು.

ಡೈನಮೋ ಚಿಪ್ಪಿನೊಳಗೇ ಕೂತ ಆಲ್ಟರ್ನೇಟರ್ ಬ್ರಿಟನ್ನಿನಿಂದ ಬರುತ್ತದೆ. ನೋಡಲು ಸಿ40ರಂತೆಯೇ ಇದ್ದು ಹಳೆ ಬೋಲ್ಟುಗಳಲ್ಲೇ ಕೂರುತ್ತದೆ. ಪಾಸಿಟಿವ್ ಅರ್ತ್‌ನದೂ, ಅಂದರೆ ಬ್ಯಾಟರಿಯ ಪ್ಲಸ್ ತುದಿ ಬಾಡಿಗೆ ಸೇರಿರುವ ಗಾಡಿಗೆ ಆಗುವುದೂ, ಸಿಗುತ್ತದೆ. ಬೆಲೆಗೆ ಸಾಗಣೆ, ಕಸ್ಟಮ್ಸ್ ಸೇರಿದರೆ ನನ್ನ ಕೈಗೆ ಎಟುಕುವುದಿಲ್ಲ.

ಮಾರುತಿಯದು ಐಡ್ಲಿಂಗ್‌ನಲ್ಲೂ ಚಾರ್ಜ್ ಮಾಡುತ್ತದೆ. ಅದರಲ್ಲಿ ಕಾಡುವುದು ಕರೆಂಟಲ್ಲ, ಕೂರಿಸುವ ಕಬ್ಬಿಣ. ಸಿ40ಕ್ಕೆ ಮೇಲೆ ಮುಂದೊಂದು ಹಿಂದೊಂದು ಬೋಲ್ಟ್ ಹಿಡಿಯುವ ಕಿವಿ. ಆಲ್ಟರ್ನೇಟರ್ ಗಿಡ್ಡ, ಹಿಂದಿನ ಕಿವಿಗೆ ಎಟುಕದು. ಮಿಸ್ತ್ರಿ ವಾಷರ್ ಪೇರಿಸಿ ಒಂದೇ ಬೋಲ್ಟಿಗೆ ನೇತುಹಾಕಲು ಬಂದರೆ ಬೇಡವೆನ್ನಿ. ಅದು ನಡುಗಿ ನಡುಗಿ ಕಿವಿಯೇ ಸೀಳುತ್ತದೆ. 6 ಮಿ.ಮೀ. ಕಬ್ಬಿಣದ ಪಟ್ಟಿಯಲ್ಲಿ ಎರಡೂ ಕಡೆ ಹಿಡಿಯುವ ಬ್ರ್ಯಾಕೆಟ್ ಮಾಡಿಸಿ, ನಡುವೆ ಅಳತೆಗೆ ಕತ್ತರಿಸಿದ ಪೈಪಿನ ಸ್ಪೇಸರ್ ಕೊಡಿ.

ಆಮೇಲೆ ಪುಲ್ಲಿ. ಗೀರುಗೀರಿನ ಪುಲ್ಲಿ ಬಂದಿದ್ದರೆ ಅದು ಕೆಲಸಕ್ಕಿಲ್ಲ, ವಿ-ಪುಲ್ಲಿಯೇ ಬೇಕು. ವಿ ಆದರೂ ಸಂದಿನ ಅಗಲ ಕ್ರ್ಯಾಂಕ್ ಪುಲ್ಲಿಯದಕ್ಕೆ ಹೊಂದಬೇಕು; ಕಿರಿದಾದರೆ ಬೆಲ್ಟ್ ಒಳಗಿಳಿಯದೆ ಮೇಲೆಯೇ ಜಾರಿ ಕಿರುಚುತ್ತದೆ. ಹೊಂದದಿದ್ದರೆ ಹೊಸದನ್ನೇ ಕಡೆಸಿ. ಕ್ರ್ಯಾಂಕ್, ವಾಟರ್ ಪಂಪ್, ಆಲ್ಟರ್ನೇಟರ್ ಮೂರರ ಸಂದೂ ಒಂದೇ ಸಾಲಿನಲ್ಲಿವೆಯೇ ಎಂದು ನೇರ ಪಟ್ಟಿ ಇಟ್ಟು ನೋಡಿ. ಎರಡು ಮಿ.ಮೀ. ತಪ್ಪಿದರೂ ಬೆಲ್ಟಿನ ಒಂದು ಬದಿ ಕರಿ ಪುಡಿಯಾಗಿ ಉದುರತೊಡಗುತ್ತದೆ, ಕೊನೆಗೆ ಬೆಲ್ಟ್ ಹರಿದರೆ ಅದರ ಜೊತೆಗೇ ವಾಟರ್ ಪಂಪೂ ನಿಲ್ಲುತ್ತದೆ. ಬೆಲ್ಟಿನ ಉದ್ದವನ್ನು ಆಲ್ಟರ್ನೇಟರ್ ಕೂರಿಸಿದ ಮೇಲೆಯೇ ದಾರ ಸುತ್ತಿ ಅಳೆಯಿರಿ. ಹೆಬ್ಬೆರಳಲ್ಲಿ ಒತ್ತಿದರೆ 12 ಮಿ.ಮೀ. ತಗ್ಗಬೇಕು.

ವೈರಿಂಗ್ ಸುಲಭ, ಆದರೆ ಕ್ರಮ ತಪ್ಪಬಾರದು. ಮೈನರ್ ಪಾಸಿಟಿವ್ ಅರ್ತ್ ಗಾಡಿ. ಮೊದಲು ಬ್ಯಾಟರಿ ಬಿಚ್ಚಿ ನೆಗೆಟಿವ್ ಅರ್ತ್ ಮಾಡಿ, ಇಗ್ನಿಷನ್ ಕಾಯಿಲಿನ ಎರಡು ಸಣ್ಣ ವೈರು ಅದಲುಬದಲು ಮಾಡಿ. ಬ್ಯಾಟರಿ ಒಮ್ಮೆ ಉಲ್ಟಾ ತಗುಲಿದರೂ ಆಲ್ಟರ್ನೇಟರಿನ ಡಯೋಡ್ ಸುಡುತ್ತದೆ. ಡೈನಮೋದ ಚಾರ್ಜಿಂಗ್ ಹಿಡಿತದಲ್ಲಿಡುತ್ತಿದ್ದ ಕಟೌಟ್ ಡಬ್ಬಿಯ ‘ಎ’, ‘ಎ1’ ವೈರುಗಳನ್ನು ಒಟ್ಟಿಗೆ ಬಿಗಿದು ಟೇಪ್ ಸುತ್ತಿ. ‘ಎಫ್’ನ ತೆಳು ವೈರನ್ನು ‘ಡಿ’ಯಲ್ಲಿದ್ದ ವಾರ್ನಿಂಗ್ ದೀಪದ ವೈರಿಗೆ ಸೇರಿಸಿದರೆ ಅದರ ಇನ್ನೊಂದು ತುದಿ ಆಲ್ಟರ್ನೇಟರಿನ ‘ಎಲ್’ ಪಿನ್ನಿಗೆ ಹೋಗುತ್ತದೆ. ‘ಐಜಿ’ ಎಂಬ ಪಿನ್ನೂ ಇದ್ದರೆ ಅದಕ್ಕೆ ಕೀ ತಿರುಗಿಸಿದಾಗ ಮಾತ್ರ ಬರುವ ಕರೆಂಟು. ಹಳೆಯ ದಪ್ಪ ‘ಡಿ’ ವೈರು 22 ಆಂಪ್‌ಗೆ ಹಾಕಿದ್ದು, ಅದನ್ನು ನಂಬಬೇಡಿ. ಆಲ್ಟರ್ನೇಟರಿನ ‘ಬಿ’ಯಿಂದ ಸ್ಟಾರ್ಟರ್ ಸ್ವಿಚ್ಚಿನ ಬ್ಯಾಟರಿ ಬೋಲ್ಟಿಗೆ 10 ಚದರ ಮಿ.ಮೀ. ಹೊಸ ವೈರು, ನಡುವೆ 60 ಆಂಪ್ ಫ್ಯೂಸ್. ವಾರ್ನಿಂಗ್ ಬಲ್ಬ್ 2.2 ವಾಟಿನದೇ ಇರಲಿ; ಎಲ್‌ಇಡಿ ಹಾಕಿದರೆ ಆಲ್ಟರ್ನೇಟರ್ ಎಚ್ಚರವಾಗದೇ ಉಳಿಯಬಹುದು.

ಕುರ್ಲಾದ ಹಳೆ ಸಾಮಾನಿನ ಅಂಗಡಿಯಲ್ಲಿ ಕೊಳ್ಳುವಾಗ ಶಾಫ್ಟ್ ಕೈಯಲ್ಲಿ ತಿರುಗಿಸಿ, ಗರಗರ ಅಂದರೆ ಬೇರಿಂಗ್ ಹೋಗಿದೆ. ಡೀಸೆಲ್ ಗಾಡಿಯದು ಅಗ್ಗವೆಂದು ತೋರಿಸುತ್ತಾರೆ. ಹಿಂದೆ ವ್ಯಾಕ್ಯೂಮ್ ಪಂಪ್ ಅಂಟಿರುತ್ತದೆ, ಅದು ಬೇಡ.

ಕೂರಿಸಿದ ಮೇಲೆ ಹೆಡ್‌ಲೈಟ್ ಹಾಕಿ, ಆಕ್ಸಿಲರೇಟರ್ ಸ್ವಲ್ಪ ಒತ್ತಿ ಬ್ಯಾಟರಿಯ ಮೇಲೆ ಮೀಟರ್ ಇಡಿ. 13.8ರಿಂದ 14.4 ವೋಲ್ಟ್ ಇರಬೇಕು. 13.5ಕ್ಕಿಂತ ಕೆಳಗಿದ್ದರೆ ಆಲ್ಟರ್ನೇಟರನ್ನು ಬೈಯುವ ಮೊದಲು ಇಂಜಿನ್ನಿಗೂ ಬಾಡಿಗೂ ನಡುವಿನ ಅರ್ತ್ ಪಟ್ಟಿ ಬಿಚ್ಚಿ, ತುಕ್ಕು ಉಜ್ಜಿ, ಮತ್ತೆ ಬಿಗಿಯಿರಿ.