ಬೋರ್ ಮಾಡಲು ಒಪ್ಪದ ಬೋರಿಂಗ್ ಶಾಪು: ಉದ್ಯಮಬಾಗದಲ್ಲಿ ನನ್ನ ಹಳೇ ವಿಟೆಕ್ ಎಂಜಿನ್

"ಬೋರ್ ಮಾಡೂದ ಬ್ಯಾಡ್ರಿ ಸರ."

ಬೋರಿಂಗ್ ಶಾಪಿನವರ ಬಾಯಲ್ಲಿ ಈ ಮಾತು ನಾನು ಕೇಳಿದ್ದು ಅದೇ ಮೊದಲು. ಅದಕ್ಕೂ ಮುಂಚೆ ಮೂರು ಕಡೆ ವಿಚಾರಿಸಿದ್ದೆ. ಮೂವರೂ ಬ್ಲಾಕಿನೊಳಗೆ ಒಮ್ಮೆ ಬೆರಳಾಡಿಸಿ, "50 ಓವರ್‌ಸೈಜ್ ಹಾಕಿ ಬಿಡೋಣ" ಅಂದಿದ್ದರು. ಅಂದರೆ ಸಿಲಿಂಡರನ್ನು ಅರ್ಧ ಮಿ.ಮೀ. ಅಗಲ ಕೊರೆದು ದೊಡ್ಡ ಪಿಸ್ಟನ್ ಹಾಕುವುದು; ಬೋರ್ ಮಾಡುವುದು ಅಂದರೆ ಇದೇ. ಯಾರೂ ಗೇಜ್ ಹೊರಗೆ ತೆಗೆಯಲಿಲ್ಲ. ನಾನು ಸಕ್ಕರೆ ಕಾರ್ಖಾನೆಯ ಲ್ಯಾಬಿನಲ್ಲಿ ಕೆಲಸ ಮಾಡುವವನು. ಬ್ರಿಕ್ಸ್ (ರಸದಲ್ಲಿ ಕರಗಿದ ಸಕ್ಕರೆಯ ಅಳತೆ) ನೋಡದೆ ರಸದ ಬಗ್ಗೆ ಒಂದು ಮಾತು ಆಡಿದರೂ ನಮ್ಮಲ್ಲಿ ಬೈಗುಳ ಬೀಳುತ್ತದೆ. ಹಾಗಾಗಿ ಬೆರಳಲ್ಲೇ ಅಳತೆ ಹೇಳುವವರನ್ನು ಕಂಡರೆ ನನಗೆ ಸುಮ್ನೆ ಭಯ.

ಮೊದಲು ಕಾರಿನ ವಿಷಯ. ಜಪಾನಿನ ಸ್ಪೋರ್ಟ್ಸ್ ಕಾರು ಅಂದರೆ ಎಲ್ಲರಿಗೂ ಸುಪ್ರಾ, ಆರ್‌ಎಕ್ಸ್-7, ಸ್ಕೈಲೈನ್ ನೆನಪಾಗುತ್ತವೆ. ನಮ್ಮಂಥವರ ಕೈಗೆ ಎಟುಕಿದ್ದು ಹೋಂಡಾ ಸಿಟಿ 1.5 ವಿಟೆಕ್ (ಎಂಜಿನ್ ಜೋರಾಗಿ ತಿರುಗಿದಾಗ ವಾಲ್ವ್ ಹೆಚ್ಚು ತೆರೆಯುವ ಹೋಂಡಾದ ತಂತ್ರ). 2000ದಲ್ಲಿ ಬಂತು. ನೋಡಲು ಮಾವನ ಮನೆಗೆ ಹೋಗುವ ಕಾರು, ಒಳಗೆ 106 ಕುದುರೆ. 2003ರಲ್ಲಿ ಹೊಸ ಸಿಟಿ ಬಂದಾಗ ಅದರಲ್ಲಿದ್ದದ್ದು 77. ಆಗಿನಿಂದಲೇ ಹಳೇ ಗಾಡಿಗೆ ಹುಚ್ಚರು ಹುಟ್ಟಿಕೊಂಡರು. ನಾನೂ ಒಬ್ಬ. ನನ್ನದು 2002ರ ಗಾಡಿ, ಮೂರನೇ ಕೈಯಿಂದ ಕೊಂಡಿದ್ದು.

ಗೋವಾದಿಂದ ವಾಪಸ್ ಬರುವಾಗ ಚೋರ್ಲಾ ಘಾಟಿನಲ್ಲಿ ರೇಡಿಯೇಟರ್ ಫ್ಯಾನ್ ಕೈಕೊಟ್ಟಿತು. ಟೆಂಪರೇಚರ್ ಮುಳ್ಳು ಮೇಲೇರಿದ್ದನ್ನು ನಾನು ನೋಡಿದ್ದು ತಡವಾಗಿ, ತಪ್ಪು ನನ್ನದೇ. ಅಲ್ಲಿಂದ ಮುಂದೆ 800 ಕಿಲೋಮೀಟರಿಗೆ ಒಂದು ಲೀಟರ್ ಆಯಿಲ್ ಕುಡಿಯತೊಡಗಿತು. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಒಂದು ಉಸಿರು ನೀಲಿ ಹೊಗೆ. ಆಕ್ಸಿಲರೇಟರ್ ಒತ್ತಿದರೆ ಮತ್ತೆ ಹೊಗೆ. ಬೆಳಗಿನ ಹೊಗೆ ವಾಲ್ವ್ ಸೀಲಿನದು, ಒತ್ತಿದಾಗಿನದು ಪಿಸ್ಟನ್ ಸುತ್ತಲಿನ ರಿಂಗಿನದು. ನನಗೆ ಎರಡೂ ಬಂದಿತ್ತು.

ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗೆ ಗಾಳಿ ಅದುಮಿದಾಗಿನ ಒತ್ತಡ, ನೋಡಿದೆ. 160, 158, 118, 155. ಮ್ಯಾನ್ಯುಅಲ್ ಪ್ರಕಾರ 185 ಪಿಎಸ್‌ಐ ಇರಬೇಕು. ಆದರೆ ಬೆಳಗಾವಿ ಸಮುದ್ರಮಟ್ಟಕ್ಕಿಂತ ಸುಮಾರು 750 ಮೀಟರ್ ಮೇಲಿದೆ, ಇಲ್ಲಿ ಗಾಳಿ ಸ್ವಲ್ಪ ತೆಳು, ಹೊಸ ಎಂಜಿನ್ನೇ 170ರ ಹತ್ತಿರ ತೋರಿಸುತ್ತದೆ. ಅಂದರೆ ಮೂರನೇ ಸಿಲಿಂಡರಿಗೆ ಕಾಯಿಲೆ, ಉಳಿದ ಮೂರೂ ವಯಸ್ಸಿಗೆ ತಕ್ಕಂತೆ ಇವೆ. ಅದರೊಳಗೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ನೋಡಿದರೆ 146ಕ್ಕೆ ಏರಿತು. ಸೋರುತ್ತಿದ್ದದ್ದು ವಾಲ್ವಿನಲ್ಲಿ ಆಗಿದ್ದರೆ ಅಷ್ಟು ಏರುತ್ತಿರಲಿಲ್ಲ. ರಿಂಗೇ.

ಕಾರ್ಖಾನೆಯಲ್ಲಿ ಕಬ್ಬಿನ ಸೀಜನ್ ಮುಗಿದ ಮೇಲೆ, ಏಪ್ರಿಲ್‌ನಲ್ಲಿ, ಅನಗೋಳದ ನನ್ನ ಮೆಕ್ಯಾನಿಕ್ ಹತ್ತಿರ ಎಂಜಿನ್ ಇಳಿಸಿದೆವು. ಅವನೇ ಈ ಶಾಪಿಗೆ ಕರೆದುಕೊಂಡು ಹೋದದ್ದು.

ಖಾನಾಪುರ ರೋಡಿನಿಂದ ಬೆಳಗಾವಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗದೊಳಗೆ ಹೊಕ್ಕರೆ ಫೌಂಡ್ರಿಗಳು, ಕ್ರ್ಯಾಂಕ್‌ಶಾಫ್ಟ್ ಮಷಿನಿಂಗ್, ಹೈಡ್ರಾಲಿಕ್ಸ್ ಕಂಪನಿಗಳು. ಮೂಗಿಗೆ ಸುಟ್ಟ ಮರಳಿನ ವಾಸನೆ. ಒಳಗಿನ ಒಂದು ಗಲ್ಲಿಯಲ್ಲಿ, ಎರಡು ದೊಡ್ಡ ಶೆಡ್ಡುಗಳ ಸಂದಿಯಲ್ಲಿ ಈ ಶಾಪು. ಬೋರ್ಡಿನ ಅಕ್ಷರ ಬಿಸಿಲಿಗೆ ಅಳಿಸಿ ಹೋಗಿವೆ. ಎಲ್ಲರೂ ಅದನ್ನು ಕರೆಯುವುದು "ಮಾಮಾನ ಬೋರಿಂಗ್". ಬರೆಯುತ್ತೇನೆ ಅಂದಾಗ ಮಾಮಾ ಒಂದೇ ಷರತ್ತು ಹಾಕಿದರು: "ಹೆಸರ ಹಾಕಬ್ಯಾಡ್ರಿ. ಇದ್ದ ಕೆಲಸನ ಮುಗ್ಯಾಂಗಿಲ್ಲ." ಹಾಗಾಗಿ ಹಾಕುತ್ತಿಲ್ಲ. ಕ್ರ್ಯಾಂಕ್ ಗ್ರೈಂಡಿಂಗ್ ಮಾಡಿಸುವ ಯಾವ ಟ್ರ್ಯಾಕ್ಟರ್ ಮೆಕ್ಯಾನಿಕ್ ಕೇಳಿದರೂ ದಾರಿ ತೋರಿಸುತ್ತಾನೆ.

ಅಲ್ಲಿ ಮುಖ್ಯವಾಗಿ ಬರುವುದು ಟ್ರ್ಯಾಕ್ಟರ್ ಮತ್ತು ಟೆಂಪೋ ಎಂಜಿನ್. ನನ್ನ ಪುಟ್ಟ ಅಲ್ಯುಮಿನಿಯಂ ಬ್ಲಾಕು ಅವುಗಳ ನಡುವೆ ಟಿಫಿನ್ ಡಬ್ಬಿಯ ಹಾಗೆ ಕಂಡಿತು. ಮಾಮಾ ಅದನ್ನು ಆ ದಿನ ಮುಟ್ಟಲೂ ಇಲ್ಲ. "ಇವತ್ತು ತೊಳದ ಇಡ್ತೀವಿ, ನಾಳೆ ಮುಂಜಾನೆ ಬರ್ರಿ" ಅಂದರು. ಬಿಸಿಲಲ್ಲಿ ಕಾದ ಬ್ಲಾಕಿನ ಅಳತೆ ತೆಗೆಯುವುದಿಲ್ಲವಂತೆ. ಇಷ್ಟಕ್ಕೇ ನಾನು ಅರ್ಧ ಸೋತಿದ್ದೆ.

ಮರುದಿನ ಬೋರ್ ಗೇಜ್ ಇಳಿಸಿದರು. ಪ್ರತಿ ಸಿಲಿಂಡರಿಗೆ ಮೇಲೆ, ನಡುವೆ, ಕೆಳಗೆ, ಅದೂ ಎರಡು ದಿಕ್ಕಿನಲ್ಲಿ. ಒಟ್ಟು 24 ಅಳತೆ. ಹುಡುಗ ಒಬ್ಬ ಸಿಗರೇಟ್ ಪ್ಯಾಕಿನ ಹಿಂದೆ ಬರೆದುಕೊಂಡ. ಹೊಸದಿದ್ದಾಗ ಈ ಬೋರ್ 75.00ರಿಂದ 75.02 ಮಿ.ಮೀ. ಹೋಂಡಾ ಕೊಟ್ಟ ಕೊನೆಯ ಮಿತಿ 75.07. ನನ್ನದರಲ್ಲಿ ಅತಿ ಹೆಚ್ಚು ಸವೆದ ಜಾಗ, ಮೂರನೆಯದರ ಮೇಲ್ಭಾಗ, 75.04. ಹಾಗಾದರೆ 118 ಯಾಕೆ? ಮಾಮಾ ಮೂರನೇ ಪಿಸ್ಟನ್ ಎತ್ತಿ ತೋರಿಸಿದರು. ಆಯಿಲ್ ರಿಂಗ್ ಕಾರ್ಬನ್ನಿನಲ್ಲಿ ಅಂಟಿಕೊಂಡು ಬೆಲ್ಲದಚ್ಚಿನ ಹಾಗೆ ಕೂತಿತ್ತು. ಕಂಪ್ರೆಷನ್ ರಿಂಗೂ ಅರ್ಧ ಸಿಕ್ಕಿಕೊಂಡಿತ್ತು. ಗೋಡೆ ಚೆನ್ನಾಗಿದೆ, ರಿಂಗ್ ಸತ್ತಿದೆ.

ಆಗ ಬಂದದ್ದು ಆ ಮಾತು. "ಬೋರ್ ಮಾಡೂದ ಬ್ಯಾಡ್ರಿ ಸರ. ಕಡದ್ದು ಮತ್ತ ಹಚ್ಚಾಕ ಬರಾಂಗಿಲ್ಲ. ಹೋನಿಂಗ್ ಹೊಡದು ಸ್ಟ್ಯಾಂಡರ್ಡ್ ರಿಂಗ್ ಹಾಕೋಣು." ಹೋನಿಂಗ್ ಅಂದರೆ ಕೊರೆಯದೆ ಸಿಲಿಂಡರಿನ ಗೋಡೆಯನ್ನು ಕಲ್ಲಿನಿಂದ ನವಿರಾಗಿ ಉಜ್ಜುವುದು. ಬೋರಿಂಗಿಗೆ ಸಿಗುತ್ತಿದ್ದ ದುಡ್ಡನ್ನು ಅವರೇ ಬಿಟ್ಟರು. ನಾನು ಪಿಸ್ಟನ್ ಕೊಳ್ಳುವುದೂ ಉಳಿಯಿತು.

ಹೋನಿಂಗಿನಲ್ಲೂ ಒಂದು ವಿಶೇಷ. ಈ ಬ್ಲಾಕು ಓಪನ್ ಡೆಕ್. ಅಂದರೆ ಸಿಲಿಂಡರ್‌ಗಳ ಮೇಲಿನ ತುದಿಗೆ ಸುತ್ತ ಆಧಾರ ಇಲ್ಲ, ನೀರಿನ ನಡುವೆ ನಿಂತ ಕಂಬಗಳ ಹಾಗೆ. ಅವುಗಳ ಮೇಲೆ ಮುಚ್ಚಳದ ಹಾಗೆ ಕೂರುವ ಹೆಡ್ಡಿನ ಹತ್ತು ಬೋಲ್ಟು ಬಿಗಿದರೆ ಬೋರ್ ಒಂದಿಷ್ಟು ಮೈಕ್ರಾನ್ ಸೊಟ್ಟಗಾಗುತ್ತದೆ. ಬೋಲ್ಟಿಲ್ಲದೆ ದುಂಡಗೆ ಹೋನ್ ಮಾಡಿದರೆ, ಹೆಡ್ ಕೂರಿಸಿದ ಮೇಲೆ ಅದು ದುಂಡಗೆ ಉಳಿಯುವುದಿಲ್ಲ. ಅದಕ್ಕೆ ಹೆಡ್ಡಿನ ಬದಲು ದಪ್ಪ ಉಕ್ಕಿನ ಪ್ಲೇಟ್ ಬಿಗಿದು, ಅದರ ತೂತುಗಳ ಮೂಲಕ ಹೋನ್ ಮಾಡಬೇಕು. ನಾನು ಇದನ್ನು ಹೇಳಿದಾಗ ಮಾಮಾ ನಗುತ್ತಾರೆ ಅಂದುಕೊಂಡಿದ್ದೆ. ಅವರು ಹಳೇ ಹೆಡ್ ಗ್ಯಾಸ್ಕೆಟ್ ಇಸಿದುಕೊಂಡರು. ನಾಲ್ಕು ದಿನ ಬಿಟ್ಟು ಹೋದರೆ 40 ಮಿ.ಮೀ. ಪ್ಲೇಟ್ ರೆಡಿ! ಪಕ್ಕದ ಶೆಡ್ಡಿನಲ್ಲಿ ಗ್ಯಾಸ್ ಕಟಿಂಗ್, ಇವರಲ್ಲೇ ಡ್ರಿಲ್ಲಿಂಗ್, ಆಚೆ ಗಲ್ಲಿಯಲ್ಲಿ ಸರ್ಫೇಸ್ ಗ್ರೈಂಡಿಂಗ್. ಇಂಥ ಕೆಲಸ ಕಾಲ್ನಡಿಗೆಯ ದೂರದಲ್ಲಿ ಮುಗಿಯುವುದು ಉದ್ಯಮಬಾಗದಲ್ಲಿ ಮಾತ್ರ ಅಂತ ನನಗೆ ಅನಿಸಿತು. ಬೆಳಗಾವಿ ಅಭಿಮಾನ ಅಂತ ನಕ್ಕರೂ ಅಡ್ಡಿಯಿಲ್ಲ.

ಈಗ ನನ್ನ ಪೆದ್ದುತನ. ರಿಪೇರಿ ಹೇಗೂ ನಡೆಯುತ್ತಿದೆ, ಎಂಜಿನ್ ಸ್ವಲ್ಪ ದೊಡ್ಡದು ಮಾಡೋಣ ಅಂತ ಹೋಂಡಾದ 1.6ರ ಕ್ರ್ಯಾಂಕ್ (ಪಿಸ್ಟನ್‌ಗಳ ಓಟದಿಂದ ತಿರುಗುವ ದಂಡ) ತರಿಸಿದ್ದೆ. ಹೊರಗಿನ ಒಬ್ಬ ಪಾರ್ಟ್ಸ್ ವ್ಯಾಪಾರಿ "ಡೈರೆಕ್ಟ್ ಫಿಟ್" ಅಂತ ಹೇಳಿ 9,000 ರೂಪಾಯಿ ತೆಗೆದುಕೊಂಡಿದ್ದ. ಎರಡೂ ಎಂಜಿನ್ನಿನ ಬೋರ್ 75 ಮಿ.ಮೀ. ತಾನೇ, ಕೂರುತ್ತದೆ ಅಂತ ನನ್ನ ಲೆಕ್ಕ. ಮಾಮಾ ಎರಡೂ ಕ್ರ್ಯಾಂಕ್ ಪಕ್ಕಪಕ್ಕ ವಿ-ಬ್ಲಾಕಿನ ಮೇಲಿಟ್ಟು ಹೈಟ್ ಗೇಜ್ ಹಿಡಿದರು. ನನ್ನದರ ಸ್ಟ್ರೋಕ್, ಅಂದರೆ ಪಿಸ್ಟನ್ ಮೇಲೆ ಕೆಳಗೆ ಓಡುವ ದೂರ, 84.5 ಮಿ.ಮೀ. ತಂದದ್ದು 90. ಅದೇ ರಾಡ್, ಅದೇ ಪಿಸ್ಟನ್ ಹಾಕಿದರೆ ಪಿಸ್ಟನ್ ವ್ಯತ್ಯಾಸದ ಅರ್ಧದಷ್ಟು, ಅಂದರೆ 2.75 ಮಿ.ಮೀ. ಹೆಚ್ಚು ಮೇಲೆ ಬರುತ್ತದೆ.

"ಗ್ಯಾಸ್ಕೆಟ್ ಎಷ್ಟ ದಪ್ಪ ಐತ್ರಿ?"

"ಒಂದು ಮಿ.ಮೀ. ಒಳಗೆ."

"ಹಂಗಾರ ಪಿಸ್ಟನ್ ಹೆಡ್ಡಿಗೆ ಹೋಗಿ ಮುತ್ತ ಕೊಡ್ತೈತಿ."

ಮನೆಗೆ ಬಂದು ಹುಡುಕಿದರೆ, ಹೋಂಡಾ 1.6ರ ಬ್ಲಾಕನ್ನೇ ಸುಮಾರು 5 ಮಿ.ಮೀ. ಎತ್ತರ ಮಾಡಿದೆ. ಅದು ಮೊದಲೇ ಗೊತ್ತಾಗಿದ್ದರೆ 9,000 ಉಳಿಯುತ್ತಿತ್ತು. ವ್ಯಾಪಾರಿ ಈಗ ಫೋನ್ ಎತ್ತುವುದಿಲ್ಲ. ಮುಂಬೈಯಿಂದ ಇಡೀ ಬಿ16 ಎಂಜಿನ್ನೇ ತರಿಸೋಣ ಅಂತಲೂ ಒಮ್ಮೆ ತಲೆಯಲ್ಲಿತ್ತು. 1989ರಲ್ಲಿ ಇಂಟೆಗ್ರಾಗೆ ಹಾಕಿದ ಮೊದಲ ವಿಟೆಕ್ ಅದು, ಟರ್ಬೋ ಇಲ್ಲದೆ 1.6 ಲೀಟರಿನಲ್ಲಿ 160 ಕುದುರೆ. ಆದರೆ ಎಂಜಿನ್ ನಂಬರ್ ಬದಲಾದರೆ ಆರ್‌ಟಿಒದಲ್ಲಿ ಆರ್‌ಸಿ ತಿದ್ದಿಸಬೇಕು, ಮೌಂಟಿಂಗ್, ವೈರಿಂಗ್, ಗೇರ್‌ಬಾಕ್ಸ್ ಎಲ್ಲ ಹೊಸದು. ಹೆಂಡತಿಗೆ ಹೇಳುವ ಧೈರ್ಯವೂ ಬರಲಿಲ್ಲ.

ಹೆಡ್ಡಿನ ಕೆಲಸವೂ ಅಷ್ಟೇ ಸಮಾಧಾನದಿಂದ ಆಯಿತು. ಘಾಟಿನ ಬಿಸಿಗೆ ಅದು 0.08 ಮಿ.ಮೀ. ಬಾಗಿತ್ತು. 0.05ರ ಒಳಗಿದ್ದರೆ ಮುಟ್ಟಬೇಕಾಗಿಲ್ಲ, 0.2 ದಾಟಿದರೆ ಆಸೆ ಬಿಡಬೇಕು. ನಡುವೆ ಇತ್ತು. ಆದರೆ ಮಾಮಾ ಫೇಸಿಂಗ್ (ಕೆಳಗಿನ ಮೈ ಹೆರೆದು ಸಮ ಮಾಡುವುದು) ಮಾಡುವ ಮುಂಚೆ ರಾಕರ್ (ವಾಲ್ವ್ ಒತ್ತುವ ತೋಳು) ಎಲ್ಲ ಕಳಚಿ, ಬರೀ ಕ್ಯಾಮ್ (ರಾಕರ್ ಆಡಿಸುವ ದಂಡ) ಕೂರಿಸಿ, ಕ್ಯಾಪ್ ಬಿಗಿದು ಬೆರಳಲ್ಲಿ ತಿರುಗಿಸಿ ನೋಡಿದರು. ಹೆಡ್ ಬಾಗಿದರೆ ಕೆಳಗಿನ ಮೈ ಮಾತ್ರ ಬಾಗುವುದಿಲ್ಲ, ಮೇಲೆ ಕ್ಯಾಮ್ ಕೂರುವ ಸಾಲೂ ಬಾಗುತ್ತದೆ. ಕೆಳಗೆ ಎಷ್ಟು ಹೆರೆದರೂ ಅದು ನೆಟ್ಟಗಾಗುವುದಿಲ್ಲ. ನನ್ನದು ಸಲೀಸಾಗಿ ತಿರುಗಿತು. ಆಮೇಲೆ 0.1 ಮಿ.ಮೀ. ಹೆರೆದರು, ಜಾಸ್ತಿ ಬೇಡ ಅಂದರು. ಹೆಡ್ ಇಳಿದಷ್ಟೂ ಬೆಲ್ಟ್ ಸಡಿಲಾಗಿ ಕ್ಯಾಮ್ ಟೈಮಿಂಗ್ ಕೂದಲೆಳೆಯಷ್ಟು ಹಿಂದೆ ಬೀಳುತ್ತದೆ.

ವಿಟೆಕ್ ಭಾಗ ಮಾಮಾ ಮೊದಲ ಸಲ ನೋಡಿದ್ದು. ಇನ್‌ಟೇಕ್ ಕಡೆ ಪ್ರತಿ ಸಿಲಿಂಡರಿಗೆ ಮೂರು ರಾಕರ್. ಆರ್‌ಪಿಎಂ ಏರಿದಾಗ ಆಯಿಲ್ ಒತ್ತಡ ಒಂದು ಪಿನ್ ತಳ್ಳಿ ಮೂರನ್ನೂ ಒಂದು ಮಾಡುತ್ತದೆ, ನಡುವಿನ ದೊಡ್ಡ ಕ್ಯಾಮ್ ಕೆಲಸ ಹಿಡಿಯುತ್ತದೆ. ನಾನು ವಿವರಿಸಿದೆ. ಅವರು ಏನೂ ಮಾತಾಡದೆ ಕಂಪ್ರೆಸರ್ ಪೈಪ್ ತಂದು ಆಯಿಲ್ ದಾರಿಗೆ ಗಾಳಿ ಬಿಟ್ಟರು. ಟಕ್ ಅಂತ ಪಿನ್ ಕೂತಿತು. ಮುಖದಲ್ಲಿ ಹುಡುಗನ ನಗು. ಸೋಲೆನಾಯ್ಡ್ ಕೆಳಗಿನ ಪುಟ್ಟ ಜಾಲರಿ ಮಾತ್ರ ಆಯಿಲ್ ಗಸಿಯಿಂದ ಮುಚ್ಚಿಹೋಗಿತ್ತು. ವರ್ಷಗಟ್ಟಲೆ ನನ್ನ ಗಾಡಿಯಲ್ಲಿ ವಿಟೆಕ್ ಸರಿಯಾಗಿ ಹತ್ತುತ್ತಲೇ ಇರಲಿಲ್ಲ ಅಂತ ಆಗ ಗೊತ್ತಾಯಿತು.

ಹೊಗಳಿದ್ದು ಸಾಕು. ಎಂಟು ದಿನ ಅಂದವರು 24 ದಿನ ತೆಗೆದುಕೊಂಡರು. ಯಾವುದೋ ಟ್ರ್ಯಾಕ್ಟರ್ ಬಂದರೆ ನಮ್ಮ ಕೆಲಸ ಹಿಂದೆ. ಅದು ಒಂದು ರೀತಿಯಲ್ಲಿ ನ್ಯಾಯವೇ, ಹೊಲ ಕಾಯುವುದಿಲ್ಲ. ಫೋನ್ ಎತ್ತುವುದಿಲ್ಲ, ಹೋಗಿ ನಿಲ್ಲಬೇಕು. ಬಿಲ್ಲು ಕೇಳಿದರೆ ಮಾತ್ರ ಸಿಗುತ್ತದೆ. ದೊಡ್ಡ ದೂರು ತೊಳೆಯುವುದರ ಬಗ್ಗೆ. ಹೋನಿಂಗ್ ಆದ ಮೇಲೆ ಬ್ಲಾಕನ್ನು ಬರೀ ಡೀಸೆಲ್‌ನಲ್ಲಿ ತೊಳೆದು ಕೊಟ್ಟರು. ಲ್ಯಾಬಿನ ಬಿಳಿ ಬಟ್ಟೆಯಿಂದ ಬೋರ್ ಒರೆಸಿದರೆ ಬಟ್ಟೆ ಬೂದಿ ಬಣ್ಣ. ಅದು ಹೋನಿಂಗ್ ಕಲ್ಲಿನ ಪುಡಿ. ಹಾಗೇ ಜೋಡಿಸಿದರೆ ಹೊಸ ರಿಂಗನ್ನು ಅದೇ ತಿಂದು ಹಾಕುತ್ತದೆ. ಮನೆ ಹಿತ್ತಲಲ್ಲಿ ಬಿಸಿನೀರು, ಸೋಪಿನ ಪುಡಿ, ಬ್ರಷ್ ಹಿಡಿದು ಬಟ್ಟೆ ಬೆಳ್ಳಗೇ ಉಳಿಯುವ ತನಕ ನಾಲ್ಕು ಸಲ ತಿಕ್ಕಿದೆ, ಕೂಡಲೇ ಒಣಗಿಸಿ ಆಯಿಲ್ ಸವರಿದೆ. ಇಷ್ಟು ಅಳತೆ ನೋಡುವ ಮನುಷ್ಯ ಇಲ್ಲಿ ಯಾಕೆ ಅಲಕ್ಷ್ಯ ಮಾಡಿದರೋ. ಹೇಳಿದೆ. "ಖರೇ ಐತ್ರಿ" ಅಂದರು, ಅಷ್ಟೇ.

ಬಿಲ್ಲು ಹೀಗೆ: ಹೋನಿಂಗ್ 3,200, ಹೆಡ್ ಫೇಸಿಂಗ್ 1,800, 16 ವಾಲ್ವ್ ಲ್ಯಾಪಿಂಗ್ (ಸರಿಯಾಗಿ ಮುಚ್ಚುವಂತೆ ಉಜ್ಜಿ ಕೂರಿಸುವುದು) ಮತ್ತು ಸೀಲ್ ಕೂರಿಸಿದ್ದು 4,000, ಕ್ರ್ಯಾಂಕ್ ಪಾಲಿಶ್ 1,200, ಪ್ಲೇಟಿಗೆ 3,500. ಒಟ್ಟು 13,700. ಪ್ಲೇಟ್ ಶಾಪಿನಲ್ಲೇ ಇದೆ, ಇನ್ನು ಯಾರಾದರೂ ಇದೇ ಬ್ಲಾಕ್ ತಂದರೆ ಅವರಿಗೆ ಅದು ಪುಕ್ಕಟೆ. ರಿಂಗ್, ಬೇರಿಂಗ್, ಗ್ಯಾಸ್ಕೆಟ್, ಟೈಮಿಂಗ್ ಬೆಲ್ಟ್, ವಾಟರ್ ಪಂಪ್ ನಾನೇ ತರಿಸಿದ್ದು, ಅದರ ಖರ್ಚು ಬೇರೆ.

ಜುಲೈ ಮಳೆಯಲ್ಲಿ ಜೋಡಿಸಿದೆವು. ಮೊದಲ 500 ಕಿಲೋಮೀಟರಿಗೆ ಆಯಿಲ್ ಬದಲಿಸಿದೆ. ಈಗ 3,200 ಆಗಿದೆ. ಕಂಪ್ರೆಷನ್ 172, 170, 168, 172. ಡಿಪ್‌ಸ್ಟಿಕ್ಕಿನ ಗೆರೆ ಅಲುಗಿಲ್ಲ. ಮೊನ್ನೆ ವಂಟಮುರಿ ಘಾಟ್ ಏರುವಾಗ ಎರಡನೇ ಗೇರಿನಲ್ಲಿ ಆರ್‌ಪಿಎಂ ಮುಳ್ಳು ಐದು ಸಾವಿರ ದಾಟಿತು, ಎಂಜಿನ್ನಿನ ದನಿ ಬದಲಾಯಿತು, ಪಕ್ಕದಲ್ಲಿದ್ದ ಮೆಕ್ಯಾನಿಕ್ ಹುಡುಗ ಸೀಟ್ ಹಿಡಿದುಕೊಂಡ.

ಮಾಮಾಗೆ ಕುಂದಾ ತೆಗೆದುಕೊಂಡು ಹೋಗಿದ್ದೆ. "ಶುಗರ್ ಐತ್ರಿ" ಅಂತ ಡಬ್ಬಿಯನ್ನು ಹುಡುಗರ ಕಡೆ ತಳ್ಳಿದರು. ಸಕ್ಕರೆ ಕಾರ್ಖಾನೆಯವನು ನಾನು, ಏನು ಹೇಳಲಿ. ಆಮೇಲೆ ಮೂಲೆಯಲ್ಲಿದ್ದ ನನ್ನ 1.6ರ ಕ್ರ್ಯಾಂಕ್ ತೋರಿಸಿ, "ಇದನ್ನ ಒಯ್ಯಾವ್ರೋ, ಇಲ್ಲೇ ಇಡಾವ್ರೋ?" ಅಂತ ಕೇಳಿದರು. ಇನ್ನೂ ಅಲ್ಲೇ ಇದೆ. ಎತ್ತರದ ಬ್ಲಾಕ್ ಇರುವವರು ಯಾರಾದರೂ ಇದ್ದರೆ 5,000ಕ್ಕೆ ಕೊಡುತ್ತೇನೆ, ಅಳತೆ ಹಿಡಿದುಕೊಂಡು ಬನ್ನಿ.