ಕಪ್ಪೆ ಎಣಿಸುವವರಿಗೆ ಎಂಥ ಬ್ಯಾಟರಿ ಬೇಕು: ಎರಡು ಮಳೆಗಾಲ ಬಳಸಿದ ಮೇಲೆ

ಹಣೆಗೆ ಕಟ್ಟಿಕೊಳ್ಳುವ ಟಾರ್ಚನ್ನು ನಮ್ಮ ಕಡೆ ಬ್ಯಾಟರಿ ಎಂದೇ ಕರೆಯುತ್ತಾರೆ. ರಾತ್ರಿ ಪಾಳಿಯಲ್ಲಿ ತ್ರೀ-ಫೇಸ್ ಕರೆಂಟ್ ಬಂದಾಗ ಹೊಲಕ್ಕೆ ನೀರು ಹಾಯಿಸಲು ಹೊರಡುವ ರೈತರ ಹಣೆಯ ಮೇಲೆ ಅದನ್ನು ನೋಡದವರು ಧಾರವಾಡದ ಸುತ್ತಮುತ್ತ ಇರಲಿಕ್ಕಿಲ್ಲ. ನಾನು ಅದನ್ನು ಕೊಂಡದ್ದು ಬೇರೆ ಕೆಲಸಕ್ಕೆ. ಮಿರಗದ ಮಳೆ ಬಿದ್ದಾಗಿನಿಂದ ಮಳೆಗಾಲ ಮುಗಿಯುವವರೆಗೆ, ಪ್ರತಿ ಶನಿವಾರ ರಾತ್ರಿ, ನಾವು ಆರು ಜನ ಸ್ವಯಂಸೇವಕರು ಕೆಲಗೇರಿ ಕೆರೆಯ ದಂಡೆಯಲ್ಲಿಯೂ ಅದರಾಚೆಯ ಹೊಲಗಳ ಹೊಂಡಗಳಲ್ಲಿಯೂ ಕಪ್ಪೆಗಳನ್ನು ಗುರುತಿಸಿ ಎಣಿಸುತ್ತೇವೆ. ಹುಬ್ಬಳ್ಳಿಯ ಕೊಪ್ಪಿಕರ್ ರಸ್ತೆಯ ಬದಿಯ ಒಂದು ಅಂಗಡಿಯಲ್ಲಿ 1,150 ರೂಪಾಯಿಗೆ ಕೊಂಡ ಈ ಬ್ಯಾಟರಿಯನ್ನು ಎರಡು ಮಳೆಗಾಲ ಪೂರ್ತಿ ಬಳಸಿದ ಮೇಲೆ ಈ ಅಭಿಪ್ರಾಯ ಬರೆಯುತ್ತಿದ್ದೇನೆ. ತಯಾರಕರ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಇದೇ ಅಚ್ಚಿನ ಸರಕು ಹಲವು ಹೆಸರುಗಳಲ್ಲಿ ಮಾರಾಟವಾಗುತ್ತದೆ, ನೋಡಬೇಕಾದದ್ದು ಅದರ ಗುಣಗಳನ್ನು.

ಅಂಗಡಿಯವರು ಮೊದಲು ಕೈಗೆ ಕೊಟ್ಟದ್ದು ಡಬ್ಬಿಯ ಮೇಲೆ ಸಾವಿರ ಲ್ಯೂಮೆನ್ (ದೀಪ ಸೂಸುವ ಬೆಳಕಿನ ಅಳತೆ) ಎಂದು ಅಚ್ಚಾಗಿದ್ದ ಬೇರೊಂದು ಬ್ಯಾಟರಿ. "ಅಕ್ಕಾರ, ಇದನ್ನ ತಗೊಳ್ರಿ, ಹಗಲ ಮಾಡಿ ಬಿಡತೈತಿ" ಎಂದರು. ನನಗೆ ಬೇಕಾಗಿದ್ದದ್ದು ಹಗಲಲ್ಲ. ಮುನ್ನೂರು ಲ್ಯೂಮೆನ್‌ನ, ಬೆಳಕನ್ನು ಹಂತ ಹಂತವಾಗಿ ತಗ್ಗಿಸಬಹುದಾದ, ಕೆಂಪು ದೀಪವೂ ಇರುವ ಇದನ್ನು ಆರಿಸಿಕೊಂಡೆ. ಆ ಆಯ್ಕೆಯ ಬಗ್ಗೆ ನನಗೆ ಇಂದಿಗೂ ತೃಪ್ತಿ ಇದೆ.

ಹಣೆಗೇ ಏಕೆ ಕಟ್ಟಿಕೊಳ್ಳಬೇಕು, ಕೈಯಲ್ಲಿ ಹಿಡಿಯುವ ಟಾರ್ಚ್ ಸಾಲದೇ ಎಂದು ಹಲವರು ಕೇಳುತ್ತಾರೆ. ಧಾರವಾಡದಿಂದ ಪೂರ್ವಕ್ಕೆ ಎರೆ ಭೂಮಿ ಆರಂಭವಾದೊಡನೆ, ಹಸಿ ಮಣ್ಣಿನಲ್ಲಿ ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಹಾಳೆ ಹಿಡಿದು ನಡೆದವರಿಗೆ ಅರ್ಧ ಉತ್ತರ ತಾನಾಗಿಯೇ ಸಿಗುತ್ತದೆ. ಉಳಿದರ್ಧ ಕಪ್ಪೆಯ ಕಣ್ಣಿನಲ್ಲಿದೆ. ಅದರ ಕಣ್ಣಿಗೆ ಬಿದ್ದ ಬೆಳಕು ಬಂದ ದಾರಿಯಲ್ಲಿಯೇ ಹಿಂದಿರುಗುತ್ತದೆ. ಆದ್ದರಿಂದ ದೀಪವು ನೋಡುವವರ ಕಣ್ಣಿಗೆ ಹತ್ತಿರವಿದ್ದಷ್ಟೂ ಆ ಹೊಳಪು ಚೆನ್ನಾಗಿ ಕಾಣುತ್ತದೆ, ಸೊಂಟದ ಮಟ್ಟದಲ್ಲಿ ಹಿಡಿದ ಟಾರ್ಚಿಗೆ ಅದು ತಪ್ಪಿಹೋಗುತ್ತದೆ. ಮೊದಲ ರಾತ್ರಿ ಇದನ್ನು ಕಟ್ಟಿಕೊಂಡು ಕೆರೆಯ ಏರಿಯ ಮೇಲೆ ನಿಂತಾಗ ಹುಲ್ಲಿನ ತುಂಬ ಇಬ್ಬನಿಯಂಥ ಸಣ್ಣ ಚುಕ್ಕೆಗಳು ಮಿನುಗಿದವು. ಬಗ್ಗಿ ನೋಡಿದರೆ ಪ್ರತಿ ಚುಕ್ಕೆಯ ಹಿಂದೆಯೂ ಒಂದೊಂದು ಜೇಡ! ಅವುಗಳ ನಡುವೆ, ನೀರಿನ ಅಂಚಿನಲ್ಲಿ, ಸ್ವಲ್ಪ ದೊಡ್ಡದಾಗಿ, ಜೋಡಿಯಾಗಿ ಹೊಳೆಯುವ ಚುಕ್ಕೆಗಳು ಕಪ್ಪೆಗಳವು. ಈ ವ್ಯತ್ಯಾಸ ಕಣ್ಣಿಗೆ ಹಿಡಿಯಲು ನನಗೆ ಮೂರು ವಾರ ಬೇಕಾಯಿತು.

ಕೆಂಪು ದೀಪದ ಪ್ರಯೋಜನ ಇದಕ್ಕಿಂತ ಹೆಚ್ಚಿನದು. ಕತ್ತಲೆಗೆ ನಮ್ಮ ಕಣ್ಣು ಪೂರ್ತಿ ಒಗ್ಗಲು ಇಪ್ಪತ್ತರಿಂದ ಮೂವತ್ತು ನಿಮಿಷ ಬೇಕು, ಒಮ್ಮೆ ಬಿಳಿ ದೀಪ ಹೊತ್ತಿಸಿದರೆ ಆ ಕಾಯುವಿಕೆಯೆಲ್ಲ ವ್ಯರ್ಥವಾಗುತ್ತದೆ. ಹಾಳೆಯ ಮೇಲೆ ಬರೆಯುವಷ್ಟು ಮಂದವಾದ ಕೆಂಪು ಬೆಳಕಿನಲ್ಲಿ ಈ ನಷ್ಟ ಬಹಳ ಕಡಿಮೆ, ಕೂಗುತ್ತಿರುವ ಗಂಡುಕಪ್ಪೆಗಳೂ ಅಷ್ಟಾಗಿ ಬೆಚ್ಚುವುದಿಲ್ಲ. ಆದರೆ ಈ ಬ್ಯಾಟರಿಯ ಅತಿ ದೊಡ್ಡ ದೋಷ ಇರುವುದೂ ಇಲ್ಲಿಯೇ. ಇದಕ್ಕಿರುವುದು ಒಂದೇ ಗುಂಡಿ. ಮೊದಲ ಒತ್ತಿಗೆ ಪೂರ್ಣ ಬಿಳಿ, ಎರಡನೆಯದಕ್ಕೆ ಮಂದ ಬಿಳಿ, ಮೂರನೆಯದಕ್ಕೆ ಮಿಣುಕು, ನಾಲ್ಕನೆಯದಕ್ಕೆ ಕೆಂಪು. ಕೆಂಪು ಬೇಕೆಂದಾಗಲೆಲ್ಲ ಹೊಂಡದ ಮೇಲೆ ಮುನ್ನೂರು ಲ್ಯೂಮೆನ್ ಸುರಿಯಲೇಬೇಕು. ತುಂಬಿದ ಮೇಳದಂತಿದ್ದ ವಟಗುಟ್ಟುವಿಕೆ ಆ ಕ್ಷಣದಲ್ಲಿ ಕತ್ತರಿಸಿದಂತೆ ನಿಂತುಹೋದದ್ದನ್ನು ನಾನು ಹಲವು ಬಾರಿ ಅನುಭವಿಸಿದ್ದೇನೆ. ಈಗ ಅಂಗೈಯಿಂದ ಗಾಜನ್ನು ಪೂರ್ತಿ ಮುಚ್ಚಿಕೊಂಡು, ನಾಲ್ಕು ಬಾರಿ ಒತ್ತಿ, ಆಮೇಲೆ ಕೈ ತೆಗೆಯುತ್ತೇನೆ. ಕೊಳ್ಳುವವರು ಕೆಂಪು ದೀಪಕ್ಕೆ ಪ್ರತ್ಯೇಕ ಗುಂಡಿ ಇರುವುದನ್ನೇ ಕೇಳಿ ಪಡೆಯಬೇಕು; ಇನ್ನೂರು ರೂಪಾಯಿ ಹೆಚ್ಚಾದರೂ ಚಿಂತೆಯಿಲ್ಲ.

ಎಣಿಕೆಗೆ ಇಷ್ಟು ಕಟ್ಟುನಿಟ್ಟು ಏಕೆಂದು ಹೇಳಲು ಸ್ವಲ್ಪ ದೂರದ ಉದಾಹರಣೆ ಕೊಡುತ್ತೇನೆ. ಉತ್ತರ ಅಮೆರಿಕದ ಪೂರ್ವಭಾಗದ ಕಾಡುಗಳಲ್ಲಿ ಕಪ್ಪೆಗಳ ದೂರದ ಬಂಧುವಾದ, ಬಾಲವಿರುವ ಸಾಲಮಾಂಡರ್‌ಗಳಿವೆ. ಅಲ್ಲಿನ ಪ್ಲೆಥೊಡಾನ್ ಕುಲದವಕ್ಕೆ ಶ್ವಾಸಕೋಶವೇ ಇಲ್ಲ. ಒದ್ದೆ ಚರ್ಮ ಮತ್ತು ಬಾಯಿಯ ಒಳಪದರದ ಮೂಲಕವೇ ಉಸಿರಾಟ. ಹಗಲು ಮರದ ದಿಮ್ಮಿಗಳಡಿ ಅಡಗಿದ್ದು, ಮಳೆಯ ರಾತ್ರಿ ತರಗೆಲೆಗಳ ಮೇಲೆ ಬರುತ್ತವೆ. ಅವನ್ನು ಎಣಿಸುವ ಸ್ವಯಂಸೇವಕರು ಕಾಡಿನ ನೆಲದ ಮೇಲೆ ಒಂದೇ ಅಳತೆಯ ಹಲಗೆಗಳನ್ನಿಟ್ಟು, ನಿಗದಿತ ದಿನಗಳಲ್ಲಿ ಅವನ್ನು ಎತ್ತಿ ನೋಡುತ್ತಾರೆ. ಎತ್ತಿದ ಹಲಗೆಯನ್ನು ಮೊದಲು ನೆಲಕ್ಕಿಟ್ಟು, ಜೀವಿಯನ್ನು ಅದರ ಪಕ್ಕದಲ್ಲಿ ಬಿಡುತ್ತಾರೆ, ಅಡಿಯಲ್ಲಿ ಸಿಕ್ಕಿ ಜಜ್ಜಿಹೋಗದಿರಲೆಂದು. ನಮ್ಮ ಪಶ್ಚಿಮ ಘಟ್ಟದಲ್ಲಿ ಸಾಲಮಾಂಡರ್ ಇಲ್ಲ, ಭಾರತದಲ್ಲಿ ಅವುಗಳ ಬಳಗ ಕಾಣುವುದು ಡಾರ್ಜಿಲಿಂಗ್‌ನ ಬೆಟ್ಟಗಳಲ್ಲಿ ಮತ್ತು ಈಶಾನ್ಯದಲ್ಲಿ ಮಾತ್ರ. ಆದರೂ ಹಲಗೆಯ ಅಳತೆ ಬದಲಾದರೆ ಎಣಿಕೆ ಕೆಡುತ್ತದೆ ಎಂಬ ಅವರ ಎಚ್ಚರ ನಮಗೂ ಬೇಕು. ಒಂದು ವಾರ ಮಂದ ಬೆಳಕಿನಲ್ಲಿ ಹನ್ನೆರಡು ಕಪ್ಪೆ ಕಂಡು, ಮುಂದಿನ ವಾರ ಸಾವಿರ ಲ್ಯೂಮೆನ್‌ನಲ್ಲಿ ಮೂವತ್ತು ಕಂಡರೆ, ಹೆಚ್ಚಿದ್ದು ಕಪ್ಪೆಯೋ ಬೆಳಕೋ ಹೇಳುವವರಾರು? ಆದ್ದರಿಂದ ನಮ್ಮ ಆರೂ ಜನರ ಹಣೆಯ ಮೇಲೆ ಈಗ ಒಂದೇ ಮಾದರಿಯ ಬ್ಯಾಟರಿ ಇದೆ, ನೋಡುವುದು ಎರಡನೆಯ ಹಂತದ ಬೆಳಕಿನಲ್ಲಿ ಮಾತ್ರ, ಪ್ರತಿ ಹೊಂಡಕ್ಕೂ ಹತ್ತು ನಿಮಿಷ. ಕೂಗಿನ ಲೆಕ್ಕಕ್ಕೆ ದೀಪವನ್ನೇ ಆರಿಸಿ ಐದು ನಿಮಿಷ ಕೇಳಿ ಅಂಕ ಹಾಕುತ್ತೇವೆ: ಬಿಡಿಬಿಡಿಯಾಗಿ ಕೇಳಿದರೆ ಒಂದು, ಒಂದರ ಮೇಲೊಂದು ಬಿದ್ದರೂ ಬೇರ್ಪಡಿಸಬಹುದಾದರೆ ಎರಡು, ಎಡೆಬಿಡದ ಮೇಳವಾದರೆ ಮೂರು.

ಬಿಳಿ ಬೆಳಕಿನ ಬಣ್ಣದ ಬಗ್ಗೆ ಒಂದು ಆಕ್ಷೇಪವಿದೆ. ಅದು ತುಸು ನೀಲಿಗೆ ತಿರುಗಿದ್ದು, ಚರ್ಮದ ಕಂದು ಛಾಯೆಗಳನ್ನು ಪೇಲವಗೊಳಿಸುತ್ತದೆ. ಸಣ್ಣ ಗದ್ದೆಕಪ್ಪೆಗಳಲ್ಲಿ ಜಾತಿ ಗುರುತಿಸುವಾಗ ಇದು ತೊಡಕೇ ಸರಿ. ದೊಡ್ಡ ವಟರಗಪ್ಪೆಯ ವಿಷಯದಲ್ಲಿ ಮಾತ್ರ ಯಾವ ಬೆಳಕೂ ಸೋಲುವುದಿಲ್ಲ. ಕಳೆದ ವರ್ಷ ಮೊದಲ ದೊಡ್ಡ ಮಳೆಯ ಮರುರಾತ್ರಿ, ಮೊಣಕಾಲುದ್ದ ನೀರು ನಿಂತ ಹೊಲದಲ್ಲಿ, ನಿಂಬೆಯ ಹಳದಿಗೆ ತಿರುಗಿದ ಗಂಡೊಂದು ನನ್ನಿಂದ ನಾಲ್ಕು ಅಡಿ ದೂರದಲ್ಲಿ ಕೂಗುತ್ತಿತ್ತು. ಗಂಟಲಿನ ಎರಡೂ ಬದಿ ಉಬ್ಬಿದ ಚೀಲಗಳ ಕಡುನೀಲಿ ಬಣ್ಣ ಆ ಸಾಧಾರಣ ದೀಪದಲ್ಲಿಯೂ ಎಷ್ಟು ಸ್ಪಷ್ಟವಾಗಿತ್ತೆಂದರೆ, ನಾನು ಬರೆಯುವುದನ್ನು ಮರೆತು ನಿಂತೆ. ಇದೇ ಕಪ್ಪೆಯ ಕಾಲುಗಳು ಹಿಂದೆ ವಿದೇಶಗಳ ಊಟದ ಮೇಜಿಗೆ ಹೋಗುತ್ತಿದ್ದವು. ಕಪ್ಪೆಕಾಲುಗಳ ರಫ್ತನ್ನು ಭಾರತ ಸರಕಾರ ನಿಷೇಧಿಸಿದ್ದು 1987ರಲ್ಲಿ. ಹಿರಿಯರನ್ನು ಕೇಳಿದರೆ ಮೊದಲು ಬಹಳ ಇದ್ದವು ಎನ್ನುತ್ತಾರೆ. ಎಷ್ಟು ಎಂದು ಬರೆದಿಟ್ಟ ಒಂದು ಹಾಳೆಯೂ ನಮ್ಮ ಕೈಗೆ ಸಿಕ್ಕಿಲ್ಲ, ಈ ಹಾಳೆಗಳನ್ನು ನಾವು ಇಷ್ಟು ಜೋಪಾನ ಮಾಡುವುದು ಆ ಕಾರಣಕ್ಕೆ.

ಸೆಲ್ ಬದಲಾಯಿಸಬಹುದಾದದ್ದು ಎಂಬುದು ಒಳ್ಳೆಯ ಸಂಗತಿ. ಎರಡನೆಯ ಹಂತದಲ್ಲಿ ನನಗೆ ಎರಡು ರಾತ್ರಿ ಬರುತ್ತದೆ. ಮಳೆಯ ವಿಷಯದಲ್ಲಿ ಡಬ್ಬಿಯ ಮೇಲಿನ ಭರವಸೆಯನ್ನು ಪೂರ್ತಿ ನಂಬಬಾರದು. ಜಿಟಿಜಿಟಿ ಮಳೆಗೆ ಏನೂ ಆಗಲಿಲ್ಲ, ಆದರೆ ಆರಿದ್ರಾದ ಒಂದು ರಾತ್ರಿ ಜೋರಾಗಿ ಹೊಡೆದಾಗ ಚಾರ್ಜಿಂಗ್ ರಂಧ್ರದ ರಬ್ಬರ್ ಮುಚ್ಚಳ ಸಡಿಲಾಗಿ ನೀರು ಒಳಹೊಕ್ಕು ದೀಪ ಆರಿತು. ಹೊಂಡಗಳ ನಡುವೆ ಕತ್ತಲಲ್ಲಿ ನಿಂತದ್ದು ಅಪಾಯದ ಮಾತೇ. ಹಾವುಗಳೂ ಕಪ್ಪೆಗಳನ್ನು ಹುಡುಕಿಕೊಂಡೇ ಬರುತ್ತವೆ. ಎರಡು ದಿನ ಒಣಗಿಸಿದ ಮೇಲೆ ಮತ್ತೆ ಹತ್ತಿತು. ಅಂದಿನಿಂದ ಪ್ರತಿಯೊಬ್ಬರ ಕಿಸೆಯಲ್ಲಿಯೂ ಇನ್ನೊಂದು ಸಣ್ಣ ಟಾರ್ಚ್ ಇರುತ್ತದೆ.

ಪಟ್ಟಿಯನ್ನು ಬಿಚ್ಚಿ ತೊಳೆಯಬಹುದು. ಇದು ಸಣ್ಣ ಸೌಕರ್ಯವೆಂದು ಕಂಡರೂ ನಾನು ಇದಕ್ಕೆ ಬಹಳ ಬೆಲೆ ಕೊಡುತ್ತೇನೆ. ಕಪ್ಪೆಗಳ ಚರ್ಮಕ್ಕೆ ತಗುಲಿ ಪ್ರಪಂಚದ ಹಲವೆಡೆ ಅವನ್ನು ಕೊಂದ ಕೈಟ್ರಿಡ್ ಶಿಲೀಂಧ್ರಕ್ಕೆ ವಿಜ್ಞಾನಿಗಳು ಹೆಸರಿಟ್ಟದ್ದು 1999ರಲ್ಲಿ. ಸಾಲಮಾಂಡರ್‌ಗಳನ್ನು ಕಾಡುವ ಅದರ ಸೋದರ ಜಾತಿಯನ್ನು 2013ರಲ್ಲಿ ಗುರುತಿಸಿದರು. ಒಂದು ನೀರಿನ ಕೆಸರನ್ನು ಇನ್ನೊಂದಕ್ಕೆ ಒಯ್ಯದಿರುವುದು ಎಣಿಸುವವರ ಮೊದಲ ಕರ್ತವ್ಯ, ಮತ್ತು ಈ ಶಿಲೀಂಧ್ರಕ್ಕೆ ಒಣಗುವುದು ಆಗಿಬರುವುದಿಲ್ಲ. ಆದ್ದರಿಂದ ಬೂಟುಗಳ ಜೊತೆ ಪಟ್ಟಿಯನ್ನೂ ತೊಳೆದು ಬಿಸಿಲಿನಲ್ಲಿ ಹಾಕುತ್ತೇನೆ. ಎರಡು ವರ್ಷಗಳ ತೊಳೆತಕ್ಕೆ ಎಲಾಸ್ಟಿಕ್ ಸ್ವಲ್ಪ ಸಡಿಲಾಗಿದೆ. ಹಿಂದೆ ಒಂದು ಗಂಟು ಹಾಕಿಕೊಂಡಿದ್ದೇನೆ.

ಹೊಲಕ್ಕೆ ನೀರು ಹಾಯಿಸುವವರಿಗೆ, ದೂರ ಕಾಣಬೇಕಾದವರಿಗೆ ಇದರ ಬೆಳಕು ಸಾಲದು, ಅವರು ಬೇರೆಯದನ್ನು ನೋಡುವುದು ಲೇಸು. ಕೆರೆಯ ಅಂಚಿನಲ್ಲಿ ಬಗ್ಗಿ, ನಾಲ್ಕೈದು ಮಾರಿನೊಳಗೆ ನೋಡುವವರಿಗೆ ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ಗುಂಡಿಯ ದೋಷ ಒಂದಿಲ್ಲದಿದ್ದರೆ ಪೂರ್ತಿ ಐದನ್ನೂ ಕೊಡುತ್ತಿದ್ದೆ.